ಪ್ರುತ್ ದಾಟದ ನಾಯಿ

ಕೈಯಲ್ಲಿದ್ದ ಚಿಪ್ ಓದುವ ಯಂತ್ರ ಕೀಂ ಎಂದಿತು. ಅದರ ಪುಟ್ಟ ಪರದೆಯ ಮೇಲೆ ಹದಿನೈದು ಅಂಕಿಗಳು ಮೂಡಿದವು. ಮೂರು ಸಲ ಓದಿದೆ. ಮೂರು ಸಲವೂ ಅವೇ.

ಮೇಜಿನ ಮೇಲೆ ಮಲಗಿದ್ದದ್ದು ಗ್ರೀವೆ. ಟ್ರೋಫಿಮ್‌ರ ನಾಯಿ. ಆದರೆ ಅದು ಹೇಗೆ ಸಾಧ್ಯ? ಊರಿನವರ ಮಾತಿನಂತೆ ಗ್ರೀವೆ ಐದು ದಿನಗಳ ಹಿಂದೆಯೇ ಯಜಮಾನನ ಜೊತೆ ಗಡಿಯ ಪ್ರುತ್ ನದಿಯ ಸೇತುವೆ ದಾಟಿ ಇಟಲಿಯ ದಾರಿ ಹಿಡಿದಿತ್ತು.

"ಎಲ್ಲಿ ಸಿಕ್ತು ತಾಯಿ ಇದು?" ಎಂದು ಕೇಳಿದೆ.

ನಾಯಿಯನ್ನು ಕಂಬಳಿಯಲ್ಲಿ ಸುತ್ತಿ ತಂದಿದ್ದವರು ಮಠದ ಸನ್ಯಾಸಿನಿ ತೆವ್ದೋರಾ. ಮಠ ನಮ್ಮೂರಿಂದ ಬಸ್ಸಿನಲ್ಲಿ ಒಂದು ಗಂಟೆ ದೂರ.

"ಸೋಮವಾರ ಬೆಳಿಗ್ಗೆ ಯಾರೋ ನಮ್ಮ ಗೇಟಿಗೆ ಕಟ್ಟಿ ಹಾಕಿದ್ರು. ಕೊರಳಪಟ್ಟಿ ಇರಲಿಲ್ಲ, ಮೆತ್ತನೆ ಬಟ್ಟೆ ಸುತ್ತಿ ಕಟ್ಟಿದ್ರು. ಪಕ್ಕದಲ್ಲಿ ಒಂದು ಬಟ್ಟಲು, ಹಾಲಲ್ಲಿ ನೆನೆಸಿದ ಬ್ರೆಡ್ಡು. ಗಟ್ಟಿ ಅಂಚೆಲ್ಲ ಕತ್ತರಿಸಿ ತೆಗೆದಿದ್ರು, ಮಗೂಗೆ ಮಾಡೋ ಹಾಗೆ. ಆದ್ರೆ ಇದು ಮುಟ್ಟಲೇ ಇಲ್ಲ ಅಕ್ಕ. ಇವತ್ತಿಗೆ ನಾಲ್ಕು ದಿನ. ಬರೀ ನೀರು."

ಮುಂಗಾಲು ಎತ್ತಿ ನೋಡಿದೆ. ಉಗುರುಗಳು ಬುಡದವರೆಗೆ ಒಡೆದಿದ್ದವು. ಗಾಯ ಮಾಗಲೆಂದು ಯಾರೋ ಬಾತಿನ ಕೊಬ್ಬು ಸವರಿದ್ದರು. ಒಡಕಿನ ಒಳಗೆ ನೀಲಿ ಬಣ್ಣದ ಸಣ್ಣ ಚಕ್ಕೆಗಳು.

ಕೂಡಲೇ ಇನ್ಸ್‌ಪೆಕ್ಟರ್ ಗ್ರೋಸುಗೆ ಫೋನ್ ಮಾಡಿದೆ.

ನನಗೆ ಅರವತ್ತೆಂಟು. ಈ ಪಶು ಆಸ್ಪತ್ರೆಯಲ್ಲಿ ಮೂವತ್ತೊಂದು ವರ್ಷದಿಂದ ದಾಖಲೆ ಬರೆಯುತ್ತಿದ್ದೇನೆ. ಈಗ ಬರೆಯುವುದೆಲ್ಲ ದೇಶ ಬಿಟ್ಟು ಹೊರಡುವವರ ನಾಯಿಗಳ ದಾಖಲೆಯೇ. ಮೊದಲು ಚರ್ಮದಡಿಗೆ ಗುರುತಿನ ಅಂಕಿಯ ಚಿಪ್, ಆಮೇಲೆ ಹುಚ್ಚುನಾಯಿ ರೋಗದ ಚುಚ್ಚುಮದ್ದು, ಮೂವತ್ತು ದಿನ ಬಿಟ್ಟು ರಕ್ತ. ಆ ರಕ್ತ ಪರದೇಶದ ಪ್ರಯೋಗಾಲಯಕ್ಕೆ ಹೋಗಿ, ಮದ್ದು ಹಿಡಿದಿದೆ ಎಂಬ ಕಾಗದವಾಗಿ ಹಿಂದಿರುಗಬೇಕು. ಟ್ರೋಫಿಮ್ ಐದು ತಿಂಗಳು ನಮ್ಮ ಮೆಟ್ಟಿಲು ಹತ್ತಿದ್ದರು. ಬಂದಾಗಲೆಲ್ಲ ನನಗೆಂದು ಜೇಬಿನಲ್ಲಿ ಒಂದು ಸೇಬು. ಹೋದ ಶುಕ್ರವಾರ ಕಾಗದ ಬಂದಾಗ ನನ್ನ ಕೈಗೆ ಮುತ್ತಿಟ್ಟು ಮಗುವಿನಂತೆ ನಕ್ಕಿದ್ದರು.

ಗ್ರೋಸು ಬಂದ. ಮಾತು ಕಡಿಮೆಯ ಮನುಷ್ಯ. ಮೊದಲು ನಾಯಿಯ ತಲೆ ಸವರಿ ಬಾಯಿ ತೆರೆದು ನೋಡಿದ, ತೆವ್ದೋರಾ ಹೇಳಿದ್ದನ್ನೆಲ್ಲ ಕೇಳಿದ, ಆಮೇಲೆ ಕುರ್ಚಿ ಎಳೆದುಕೊಂಡ.

"ದಾರಿಯಲ್ಲಿ ತಪ್ಪಿಸ್ಕೊಂಡು ವಾಪಸ್ ಬಂದಿರಬಹುದಲ್ಲ, ಅಗ್ಲಾಯಾ ಅಮ್ಮ?"

"ಹೋಗಿದ್ರೆ ತಾನೆ ವಾಪಸ್ ಬರೋದು? ಕಾಗದ ಬಂದ ಮಾತ್ರಕ್ಕೆ ಹೊರಡೋ ಹಾಗಿಲ್ಲ. ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯ್ಬೇಕು. ಇದರದ್ದು ಮುಗಿಯೋದು ಹತ್ತೊಂಬತ್ತಕ್ಕೆ. ಬರೋ ಸೋಮವಾರ. ಅದಕ್ಕೆ ಮುಂಚೆ ಸೇತುವೆ ಮೇಲೆ ಬಿಡಲ್ಲ."

"ಟ್ರೋಫಿಮ್‌ಗೆ ಇದು ಗೊತ್ತಿತ್ತಾ?"

"ಅವರ ಜೇಬಿನ ಕ್ಯಾಲೆಂಡರ್‌ನಲ್ಲಿ ನಾನೇ ಕೆಂಪು ಸುತ್ತು ಹಾಕಿಕೊಟ್ಟೆ. ನಲವತ್ತು ವರ್ಷ ರೈಲು ಓಡಿಸಿದವರಪ್ಪ. ಒಂದು ನಿಮಿಷ ಮುಂಚೆ ಹೊರಡೋ ಆಸಾಮಿ ಅಲ್ಲ."

"ನಾಯಿ ಬಿಟ್ಟು ಒಬ್ರೇ ಹೋಗಿದ್ರೆ?"

"ಐದು ತಿಂಗಳು ಕಾದವರು ಇನ್ನು ಒಂಬತ್ತು ದಿನ ಕಾಯಲ್ವಾ?"

ಗ್ರೋಸು ಎರಡು ಕಡೆ ಫೋನ್ ಮಾಡಿದ. ಇಟಲಿಯಲ್ಲಿದ್ದ ಟ್ರೋಫಿಮ್‌ರ ಮಗಳಿಗೆ ಶನಿವಾರ ಅಪ್ಪನ ಫೋನಿನಿಂದ ಸಂದೇಶ ಬಂದಿತ್ತು: ‘ಕಾಗದ ಬಂತು. ನಾಯಿ ಜೊತೆ ಹೊರಟೆ. ದಾರಿಯಲ್ಲಿ ಗೆಳೆಯನ ಮನೆಯಲ್ಲಿ ಎರಡು ವಾರ ಇದ್ದು ಬರುತ್ತೇನೆ.’ ಆಮೇಲೆ ಫೋನ್ ಬಂದ್. ಸೇತುವೆಯ ಕಾವಲು ಕಚೇರಿ ಹೇಳಿದ್ದು ಒಂದೇ ಮಾತು — ಟ್ರೋಫಿಮ್ ಎಂಬವರು ಗಡಿ ದಾಟಿಲ್ಲ.

ಗ್ರೋಸು ಫೋನ್ ಜೇಬಿಗಿಟ್ಟು ಎದ್ದ.

"ನೀವೂ ಬನ್ನಿ ಅಮ್ಮ," ಎಂದ. "ಪೊಲೀಸಿನವನೊಬ್ಬನೇ ಹೋದ್ರೆ ಜನ ಬಾಯಿ ಬಿಡಲ್ಲ."

ಮೊದಲು ಹೋದದ್ದು ಟ್ರೋಫಿಮ್‌ರ ತಮ್ಮ ಪೆತ್ರಾಕೆಯ ಮನೆಗೆ. ಅಂಗಳದಲ್ಲಿ ದ್ರಾಕ್ಷಿ ಹಿಂಡುತ್ತಿದ್ದ. ಮೊಣಕೈವರೆಗೆ ಕೆಂಪು. ಅವನ ಗೇಟು ನೀಲಿ, ಕೆಳಗಡೆ ಬಣ್ಣ ಕಿತ್ತು ಬಂದಿತ್ತು. ನಾಯಿಯ ಉಗುರಿನ ನೀಲಿ ಚಕ್ಕೆಗಳು ನೆನಪಾದವು. ಆದರೆ ನಮ್ಮೂರಲ್ಲಿ ಯಾರ ಗೇಟು ನೀಲಿಯಲ್ಲ?

"ಅಣ್ಣನಾ? ಹೋದ!" ಎಂದು ಸಿಡುಕಿದ ಪೆತ್ರಾಕೆ. "ಹತ್ತೊಂಬತ್ತಕ್ಕೆ ಸೇತುವೆವರೆಗೆ ಬಿಡು, ಕಾರು ಸರಿ ಮಾಡಿಸಿಡು ಅಂದಿದ್ದ. ಮಾಡಿಸ್ದೆ. ಶನಿವಾರ ನೋಡಿದ್ರೆ ಆಸಾಮಿ ಮಾಯ! ತಮ್ಮನಿಗೆ ಒಂದು ಮಾತು ಬೇಡ್ವಾ?"

"ಹೋದ ಅಂತ ಯಾರು ಹೇಳಿದ್ರು?" ಗ್ರೋಸು ಕೇಳಿದ.

"ಊರೇ ಹೇಳ್ತಿತ್ತು."

"ಜಗಳ ಆಗಿತ್ತಂತೆ?"

"ಅಪ್ಪ ನೆಟ್ಟ ದ್ರಾಕ್ಷಿತೋಟ ಹೊರಗಿನವರಿಗೆ ಮಾರಿದ. ಆಡದೆ ಇರ್ತೀನಾ? ಕೊಡಲಿ ಎತ್ಕೊಂಡು ಹೋಗಿದ್ದೆ, ಬರ್ಕೊಳ್ಳಿ! ಅಡ್ಡ ಬಂದದ್ದು ಆ ಮುದಿ ನಾಯಿ. ನಂಗೆ ಪಾಸ್‌ಪೋರ್ಟ್ ಇಲ್ಲ ಸ್ವಾಮಿ, ಆ ನಾಯಿಗಿದೆ!"

"ನಾಯಿ ಕಂಡ್ರೆ ಆಗಲ್ವಾ ನಿಂಗೆ?"

"ಸೊಕ್ಕಿಂದು. ಈಸ್ಟರ್‌ನಲ್ಲಿ ಒಳ್ಳೆ ಕುರಿಮೂಳೆ ಎಸೆದೆ. ನೆಕ್ಕಿ ಬಿಟ್ಟು ನನ್ನ ಮುಖ ನೋಡ್ತು. ಇಟಲಿ ಮೂಳೆನೇ ಆಗ್ಬೇಕೇನೋ ಮಹಾರಾಜಂಗೆ!"

ಹೊರಗೆ ಬಂದಮೇಲೆ ನಾನು ಪಿಸುಗುಟ್ಟಿದೆ: "ಇವನೇ. ಕೊಡಲಿ ಅಂತ ಅವನ ಬಾಯಲ್ಲೇ ಬಂತು."

"ಬಂತು," ಎಂದ ಗ್ರೋಸು. ಅಷ್ಟೇ.

ಟ್ರೋಫಿಮ್‌ರ ಮನೆಗೆ ಬೀಗ ಹಾಕಿತ್ತು. ಬೇಲಿಯ ಆಚೆಗೆ ಫ್ರೋಸಿನಾಳ ಮನೆ. ಟ್ರೋಫಿಮ್‌ರ ಹೆಂಡತಿ ತೀರಿಕೊಂಡು ಹನ್ನೊಂದು ವರ್ಷ. ಆ ಹನ್ನೊಂದು ವರ್ಷವೂ ಅವರಿಗೆ ಅಡುಗೆ ಮಾಡಿದವಳು, ಅಂಗಿ ಒಗೆದವಳು, ಜ್ವರ ಬಂದರೆ ಪಕ್ಕದಲ್ಲಿ ಕೂತವಳು ಇವಳೇ. ಊರಿನವರು ಆಡಿಕೊಂಡು ಸಾಕಾಗಿ ಆಡುವುದನ್ನೇ ಬಿಟ್ಟಿದ್ದರು.

"ಕೂತ್ಕೊಳ್ಳಿ ಸಾಹೇಬ್ರೇ. ಕೂತ್ಕೊ ಅಕ್ಕ. ಸಾರು ಒಲೆ ಮೇಲಿದೆ, ಊಟದ ಹೊತ್ತು."

"ಟ್ರೋಫಿಮ್ ಹೊರಟಿದ್ದು ನೋಡಿದ್ರಾ?" ಗ್ರೋಸು ಕೇಳಿದ.

"ಇಲ್ಲಪ್ಪ. ಶನಿವಾರ ಬೆಳಿಗ್ಗೆ ಹಾಲು ಕೊಡೋಕೆ ಹೋದ್ರೆ ಬೀಗ. ಹೊರಟ್ರು ಅಂದ್ಕೊಂಡೆ. ಕಾಗದ ಬಂತಲ್ಲ, ಇನ್ನೇನಿತ್ತು?"

"ಕಾಗದ ನೀವು ನೋಡಿದ್ರಾ?"

"ಶುಕ್ರವಾರ ತಂದು ತೋರಿಸಿದ್ರು. ಹಬ್ಬ ಮಾಡಿಬಿಟ್ರು."

"ನಿಮಗೆ ಹೇಳದೆ ಹೊರಟ್ರಾ?"

ಫ್ರೋಸಿನಾ ಸೌಟು ಕೆಳಗಿಟ್ಟಳು. "ಹೇಳಿ ಹೋಗೋಕೆ ನಾನು ಅವರಿಗೆ ಏನಾಗ್ಬೇಕು ಸಾಹೇಬ್ರೇ?"

ಗ್ರೋಸು ತಲೆ ತಗ್ಗಿಸಿ ಉಣ್ಣತೊಡಗಿದ. ಫ್ರೋಸಿನಾ ಬ್ರೆಡ್ಡು ಕೊಯ್ದು ಅವನಿಗೆ ದಪ್ಪ ಹೋಳು ಕೊಟ್ಟಳು. ನನ್ನ ಕಡೆ ಒಮ್ಮೆ ನೋಡಿದಳು. ಆಮೇಲೆ ನನ್ನ ಹೋಳಿನ ಗಟ್ಟಿ ಅಂಚನ್ನು ಸುತ್ತಲೂ ಕತ್ತರಿಸಿ, ಮೆತ್ತನೆಯ ತಿರುಳನ್ನು ಕೋಳಿ ಸಾರಿನಲ್ಲಿ ಅದ್ದಿ, ತಟ್ಟೆಯನ್ನು ನನ್ನ ಮುಂದೆ ಸರಿಸಿದಳು. ಹದಿನೈದು ದಿನದ ಹಿಂದೆ ನನ್ನ ಎಡಗಡೆಯ ಎರಡು ದವಡೆ ಹಲ್ಲು ಕೀಳಿಸಿದ್ದೆ. ಯಾರಿಗೂ ಹೇಳಿರಲಿಲ್ಲ. ನಾನು ಬಾಯಾಡಿಸುವುದನ್ನು ನೋಡಿಯೇ ಅವಳು ಕಂಡುಕೊಂಡಿದ್ದಳು. ಇಷ್ಟು ಅಕ್ಕರೆ ಮಾಡುವವರು ಈಗ ಎಷ್ಟು ಜನ ಇದ್ದಾರೆ? ನನ್ನ ಕಣ್ಣು ಮಂಜಾಯಿತು.

ಗ್ರೋಸುವಿನ ಚಮಚ ನಿಂತಿತು. ನನ್ನ ತಟ್ಟೆಯನ್ನು ನೋಡುತ್ತಿದ್ದ. ಬಹಳ ಹೊತ್ತು ನೋಡಿದ.

"ಆ ಮನೆ ಅಂಗಳ ಒಂದು ಸಲ ನೋಡ್ಬೇಕು," ಎಂದು ಎದ್ದ. "ಪೆತ್ರಾಕೆನೂ ಬರಲಿ. ನೀವೂ ಬನ್ನಿ ಫ್ರೋಸಿನಾ."

ಟ್ರೋಫಿಮ್‌ರ ಅಂಗಳದಲ್ಲಿ ನೆಲಮಾಳಿಗೆಯ ಬಾಗಿಲು ನೀಲಿ. ಮೇಲಿನ ಅರ್ಧ ಬಿಸಿಲಿಗೆ ಮಾಸಿತ್ತು. ಕೆಳಗಿನ ಅರ್ಧ ಒದ್ದೆಯಾದಂತೆ ಹೊಳೆಯುತ್ತಿತ್ತು. ಚಿಲಕಕ್ಕೆ ಹೊಸ ಬೀಗ.

ಗ್ರೋಸು ಮಂಡಿಯೂರಿ ಬೆರಳಾಡಿಸಿದ.

"ನಮ್ಮೂರಲ್ಲಿ ಬಾಗಿಲಿಗೆ ಬಣ್ಣ ಹಚ್ಚೋದು ಯಾವಾಗ, ಪೆತ್ರಾಕೆ?"

"ಈಸ್ಟರ್‌ಗೆ ಮುಂಚೆ. ಇನ್ಯಾವಾಗ?"

"ಇದು ಅಕ್ಟೋಬರ್. ಊರು ಬಿಡೋನು, ಈ ವರ್ಷ ದ್ರಾಕ್ಷಿನೇ ಹಿಂಡದೋನು, ಖಾಲಿ ನೆಲಮಾಳಿಗೆಗೆ ಹೊಸ ಬೀಗ ಯಾಕೆ ಹಾಕ್ದ? ಬಾಗಿಲ ಕೆಳಗಡೆ ಮಾತ್ರ ಬಣ್ಣ ಯಾಕೆ ಹಚ್ಚಿದ?"

ಬಣ್ಣದ ಅಡಿಯಲ್ಲಿ ಗೀರುಗಳು ಕಾಣುತ್ತಿದ್ದವು. ಆಳವಾದ, ಸಾಲು ಸಾಲು ಗೀರುಗಳು — ನಾಯಿ ಹಿಂಗಾಲ ಮೇಲೆ ನಿಂತರೆ ಮುಂಗಾಲು ಮುಟ್ಟುವಷ್ಟು ಎತ್ತರಕ್ಕೆ.

"ನನ್ನ ಕಡೆ ಯಾಕೆ ನೋಡ್ತೀರಿ?" ಪೆತ್ರಾಕೆ ಕೂಗಿದ. "ಕೊಡಲಿ ಎತ್ತಿದ್ದು ನಿಜ. ಇಳಿಸ್ಲಿಲ್ಲ!"

"ಗೊತ್ತು," ಎಂದ ಗ್ರೋಸು. "ನೀನಲ್ಲ. ಟ್ರೋಫಿಮ್ ಶನಿವಾರ ನಾಯಿ ಜೊತೆ ಹೊರಟ ಅನ್ನೋ ಕಥೆ ಕಟ್ಟಿದವರಿಗೆ ಕಾಗದ ಬಂದದ್ದು ಗೊತ್ತಿತ್ತು. ಆದ್ರೆ ಹತ್ತೊಂಬತ್ತರವರೆಗೆ ಕಾಯ್ಬೇಕು ಅನ್ನೋದು ಗೊತ್ತಿರಲಿಲ್ಲ. ನಿಂಗೆ ಹತ್ತೊಂಬತ್ತು ಗೊತ್ತಿತ್ತು. ನೀನಾಗಿದ್ರೆ ಅವತ್ತಿಗೇ ಹೊಂದೋ ಸುಳ್ಳು ಹೇಳ್ತಿದ್ದೆ."

"ಮತ್ತೆ ಯಾರು?"

"ನಾಯೀನ ಸಾಯಿಸೋಕೆ ಮನಸ್ಸು ಬರದವರು. ಪಟ್ಟಿ ಬಿಚ್ಚಿದ್ರೆ ಗುರುತು ಹೋಯ್ತು ಅಂದ್ಕೊಂಡು, ಒಂದು ಗಂಟೆ ಬಸ್ಸಲ್ಲಿ ಕರ್ಕೊಂಡು ಹೋಗಿ, ಸಾಕೋ ಜನರ ಬಾಗಿಲಲ್ಲಿ ಕಟ್ಟಿ, ಊಟ ಇಟ್ಟು ಬಂದವರು. ನೀನು ಮೂಳೆ ಎಸೆದೆ ಅಂದ್ಯಲ್ಲ? ಅದಕ್ಕೆ ಸೊಕ್ಕಿಲ್ಲ ಪೆತ್ರಾಕೆ, ಹಲ್ಲಿಲ್ಲ. ನಿನಗದು ಗೊತ್ತೇ ಇಲ್ಲ. ಮಠದ ಬಟ್ಟಲಲ್ಲಿ ಬ್ರೆಡ್ಡಿನ ಅಂಚು ಕತ್ತರಿಸಿ ಇಟ್ಟವರಿಗೆ ಗೊತ್ತಿತ್ತು."

ಅವನು ನನ್ನ ಕಡೆ ತಿರುಗಿದ. ದನಿ ತಗ್ಗಿತು. "ಅಗ್ಲಾಯಾ ಅಮ್ಮ, ಈಗ ನಿಮ್ಮ ತಟ್ಟೆಗೆ ಬಂದ ಬ್ರೆಡ್ಡು ಹೇಗಿತ್ತು?"

ಅಂಚು ಕತ್ತರಿಸಿದ್ದ ಬ್ರೆಡ್ಡು. ಅದು ನನ್ನ ಕಣ್ಣ ಮುಂದೆಯೇ ಇತ್ತು. ಅದನ್ನು ನಾನು ಬರೀ ಅಕ್ಕರೆ ಅಂದುಕೊಂಡಿದ್ದೆ.

"ಫ್ರೋಸಿನಾ," ಎಂದ ಗ್ರೋಸು, "ಬೀಗದ ಕೈ ಕೊಡಿ."

ಅವಳು ಏಪ್ರನ್ನಿನ ಜೇಬಿನಿಂದ ಕೀಲಿ ತೆಗೆದು ಕೊಟ್ಟು, ಬಾವಿಕಟ್ಟೆಯ ಮೇಲೆ ಕೂತಳು.

ಗ್ರೋಸು ಇಳಿದ. ಬೇಗನೆ ಮೇಲೆ ಬಂದ. ಟೋಪಿ ತೆಗೆದ. ಪೆತ್ರಾಕೆ ದ್ರಾಕ್ಷಿಯ ಕೆಂಪು ಹಿಡಿದ ಕೈಗಳಿಂದ ಮುಖ ಮುಚ್ಚಿಕೊಂಡ.

"ಮೆಟ್ಟಿಲ ತುದಿವರೆಗೆ ತೆವಳಿ ಬಂದಿದ್ದಾರೆ," ಎಂದ ಗ್ರೋಸು. "ಬಾಗಿಲ ಒಳಗಡೆನೂ ಗೀರುಗಳಿವೆ."

ಫ್ರೋಸಿನಾ ಯಾರನ್ನೂ ನೋಡದೆ ಮಾತಾಡಿದಳು.

"ಕಾಗದ ಬಂದ ಖುಷಿಗೆ ಹಳೇ ವೈನ್ ತರ್ತೀನಿ ಅಂತ ಇಳಿಯೋಕೆ ಹೊರಟ್ರು. ನಾಯಿಗೆ ಎಲ್ಲಾ ಆಯ್ತು ಫ್ರೋಸಿನಾ, ಒಂದೂ ಬಾಕಿ ಇಲ್ಲ ಅಂದ್ರು. ನಾನು ಕೇಳ್ದೆ, ನಂಗೆ? ಹನ್ನೊಂದು ವರ್ಷದಲ್ಲಿ ಒಂದೇ ಸಲ ಕೇಳಿದ್ದು ಅಕ್ಕ. ನಕ್ಕರು. ನೀನು ಹೂಕುಂಡಕ್ಕೆ ನೀರು ಹಾಕ್ತಿರು ಅಂದ್ರು. ನಾಯಿಗೆ ಐದು ತಿಂಗಳು ಕಾಗದಕ್ಕೆ ಓಡಾಡಿದ್ರು. ನನ್ನ ಹೆಸರಲ್ಲಿ ಒಂದು ಕಾಗದ ಇಲ್ಲ... ಕೈ ಹೋಯ್ತು. ತಳ್ಳಿಬಿಟ್ಟೆ."

"ಬಾಗಿಲು ಹಾಕಿದ್ದು?"

"ಅದನ್ನೂ ನಾನೇ ಹಾಕ್ದೆ. ಮನೇಲಿ ಬಿಟ್ಟಿದ್ದ ಅವರ ಫೋನಿಂದ ಮಗಳಿಗೆ ಬರೆದದ್ದೂ ನಾನೇ." ಅವಳ ದನಿ ಒಣಗಿತ್ತು. "ಭಾನುವಾರ ಸಂಜೆವರೆಗೆ ಕರೀತಿದ್ರು. ತೆಗೀಬೇಕು ಅಂತ ಎರಡು ಸಲ ಬಂದೆ. ತೆಗೆದ್ರೆ ಅವರ ಮುಖ ನೋಡ್ಬೇಕಿತ್ತಲ್ಲ. ಆಮೇಲೆ ಅವರು ಸುಮ್ಮನಾದ್ರು. ನಾಯಿ ಸುಮ್ಮನಾಗ್ಲಿಲ್ಲ."

ಪೊಲೀಸ್ ಗಾಡಿ ಬಂತು. ಹತ್ತುವ ಮುಂಚೆ ಫ್ರೋಸಿನಾ ತಿರುಗಿ ನನ್ನ ತೋಳು ಹಿಡಿದಳು.

"ತಿಂತಾ ಅಕ್ಕ, ಅದು?"

"ಇಲ್ಲ."

"ಹಾಲು ಬೆಚ್ಚಗಿರಬೇಕು, ಬಿಸಿ ಇರಬಾರದು. ಬೆರಳಲ್ಲಿ ಒಂದು ಚೂರು ಮೂತಿಗೆ ಹಚ್ಚಿ. ಆಮೇಲೆ ತಾನೇ ತಿನ್ನುತ್ತೆ."

ಅವತ್ತೇ ಹಾಗೆ ಮಾಡಿದೆ. ಗ್ರೀವೆ ತಿಂದಿತು.

ಮಗಳು ಬಂದು ಅಪ್ಪನನ್ನು ಮಣ್ಣು ಮಾಡಿದಳು. ಸೋಮವಾರ, ಹತ್ತೊಂಬತ್ತನೇ ತಾರೀಕು, ಪೆತ್ರಾಕೆ ತಾನು ಮಾತು ಕೊಟ್ಟಿದ್ದ ಹಾಗೆ ಸೇತುವೆವರೆಗೆ ಕಾರು ಓಡಿಸಿದ. ಹಿಂದಿನ ಸೀಟಿನಲ್ಲಿ ಮಗಳ ಪಕ್ಕ ನಾಯಿ, ಅದರ ಮೇಲೆ ಅಣ್ಣನ ಕೋಟು. ಗಡಿಯ ಕಾವಲಿನವನು ಯಂತ್ರ ಹಿಡಿದ, ಅಂಕಿ ಓದಿದ, ಕಾಗದಗಳನ್ನು ಒಂದೊಂದಾಗಿ ತಿರುವಿದ. ಚಿಪ್‌ನದು, ಚುಚ್ಚುಮದ್ದಿನದು, ರಕ್ತದ್ದು. ಕೊನೆಯಲ್ಲಿ ನಾನು ಸೇರಿಸಿದ್ದ ಅರ್ಧ ಹಾಳೆ.

"ಇದೇನಿದು?" ಎಂದು ಕೇಳಿದ. ಅದಕ್ಕೆ ಮೊಹರು ಇರಲಿಲ್ಲ.

"ಅದೂ ಇರಲಿ," ಎಂದೆ.

ಅವನು ಓದಿದ: ಬ್ರೆಡ್ಡಿನ ಅಂಚು ತೆಗೆಯಬೇಕು, ಹಾಲು ಬೆಚ್ಚಗಿರಬೇಕು, ಬಿಸಿ ಇರಬಾರದು. ಭುಜ ಕುಣಿಸಿ ಅದನ್ನು ಉಳಿದ ಕಾಗದಗಳ ಜೊತೆಗೇ ಇಟ್ಟು ಮರಳಿಸಿದ. ಆ ಮಾತು ಯಾರದೆಂದು ನಾನು ಬರೆದಿರಲಿಲ್ಲ. ಅಡ್ಡಗಂಬ ಮೇಲೆದ್ದಿತು.