ಅಂಟಿಕೊಂಡ ಎರಡು ಪುಟ

ಒಂದನೇ ಕ್ಲಾಸಿನ ಚೂಟಿ, ಬೆರಳಿಗೆ ಎಂಜಲು ಹಚ್ಚಿ ಪುಟ ತಿರುಗಿಸಿದಳು. ಪುಟಗಳು ಅಂಟಿಕೊಂಡಿದ್ದವು. ಒಂದರ ಬದಲು ಎರಡು ತಿರುಗಿದವು. ಅವಳಿಗೆ ಗೊತ್ತಾಗಲೇ ಇಲ್ಲ.

“ಆನೆಮರಿ ಹೊಳೆಗೆ ಇಳಿಯಿತು. ಸೊಂಡಿಲಿನಿಂದ ಬುಸ್ ಅಂತ ನೀರು ಹಾರಿಸಿತು!” ಅಂತ ಗಟ್ಟಿಯಾಗಿ ಓದಿದಳು.

ಪಕ್ಕದಲ್ಲಿ ಕೂತಿದ್ದ ಪ್ರೊಫೆಸರ್ ಪುಸ್ತಕಕ್ಕೆ ಬಗ್ಗಿದ. ಅವನು ಐದನೇ ಕ್ಲಾಸು. ದಪ್ಪ ಕನ್ನಡಕ ಇದ್ದಿದ್ದಕ್ಕೆ ಎಲ್ಲರೂ ಹಾಗೆ ಕರೆಯೋರು. ಆ ಪುಟದಲ್ಲಿ ಹೊಳೆಯೂ ಇರಲಿಲ್ಲ, ನೀರೂ ಇರಲಿಲ್ಲ. ಆನೆಮರಿ ಅಮ್ಮನ ಕಾಲ ಹತ್ತಿರ ಗೊರಕೆ ಹೊಡೀತಾ ಮಲಗಿತ್ತು.

“ಹೊಳೆ ಎಲ್ಲಿದೆ ಇಲ್ಲಿ?”

ಚೂಟಿ ಚಿತ್ರ ನೋಡಿದಳು. ಬಾಯಿ ಮುಚ್ಚಿತು.

“ಈ ಅಕ್ಷರ ಯಾವುದು ಹೇಳು?”

ಚೂಟಿ ಆ ಅಕ್ಷರವನ್ನು ಬೆರಳಿನಿಂದ ಮುಚ್ಚಿದಳು.

“ಅಜ್ಜಿ ದಿನಾ ಓದಿ ಹೇಳ್ತಾರೆ,” ಅಂದಳು ಕೊನೆಗೆ, ಫ್ರಾಕಿನ ಅಂಚು ಹಿಂಡುತ್ತಾ. “ನಂಗೆ ಬಾಯಿಪಾಠ. ಮೂರು ಪುಸ್ತಕನೂ. ಯಾರಿಗೂ ಹೇಳ್ಬೇಡ ಅಣ್ಣ.”

ಊಟದ ಬೆಲ್ ಆದಮೇಲೆ ಅರ್ಧ ಗಂಟೆ ದೊಡ್ಡ ಕ್ಲಾಸಿನವರು ಒಂದನೇ ಕ್ಲಾಸಿನವರಿಗೆ ಓದೋದು ಹೇಳಿಕೊಡಬೇಕಿತ್ತು. ಸೋಮವಾರ ತಾನೇ ಮಿಸ್ ಅವನನ್ನು ನಿಲ್ಲಿಸಿ, “ಎರಡೇ ವಾರದಲ್ಲಿ ಪೂರ್ತಿ ಪುಸ್ತಕ ಓದಿಸಿದಾನೆ!” ಅಂತ ಚಪ್ಪಾಳೆ ಹೊಡೆಸಿದ್ದರು. ನಾಡಿದ್ದು ಶುಕ್ರವಾರ ಚೂಟಿ ಇಡೀ ಸ್ಕೂಲಿನ ಮುಂದೆ ಓದಬೇಕು. ಅದೂ ಹೊಸ ಪುಸ್ತಕ!

“ಮೋಸ ಮಾಡಿದೀಯ ನೀನು! ನನ್ನ ಮರ್ಯಾದೆ ಹೋಯ್ತು!” ಅಂತ ಕಿರುಚಿದ.

ಚೂಟಿ ಪುಸ್ತಕ ಅಲ್ಲೇ ಬಿಟ್ಟು ಓಡಿದಳು.

ಪ್ರೊಫೆಸರ್ ಅಮ್ಮ ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸ್ತಿದ್ದರು. ಸಂಜೆ ಅವನನ್ನು ಹಿಂದಿನ ಸೀಟಲ್ಲಿ ಕೂರಿಸಿಕೊಂಡೇ ಕೊನೆಯ ಕ್ಲಾಸು ಮುಗಿಸೋರು. ಅವತ್ತು ಸ್ಟೀರಿಂಗ್ ಹಿಡಿದಿದ್ದವರು ಹಲ್ಲಿನ ಡಾಕ್ಟರ್ ಆಂಟಿ. ಸಿಗ್ನಲ್ ಹಸಿರಾಗುತ್ತಲೇ ಕಾರು ಜರ್ಕ್ ಹೊಡೆದು ಆಫ್ ಆಯಿತು. ಹಿಂದಿನಿಂದ ಪೇಂ ಪೇಂ ಅಂತ ಹಾರ್ನ್ ಶುರುವಾಯಿತು.

“ಅವ್ರು ಹಾರ್ನ್ ಹೊಡ್ಕೊಳ್ಳಲಿ ಡಾಕ್ಟ್ರೇ,” ಅಂದರು ಅಮ್ಮ. “ನೀವು ಕ್ಲಚ್ ಒತ್ತಿ. ನಿಧಾನಕ್ಕೆ.”

ಅಮ್ಮ ಸ್ಟೀರಿಂಗಿಗೆ ಕೈ ಹಾಕಲಿಲ್ಲ. ಕೈಯೆರಡೂ ತೊಡೆ ಮೇಲೇ ಇದ್ದವು. ಮೂರನೇ ಸಲಕ್ಕೆ ಕಾರು ಹೊರಟಿತು.

ಡಾಕ್ಟರ್ ಆಂಟಿ ಇಳಿದು ಹೋದಮೇಲೆ ಪ್ರೊಫೆಸರ್ ಮುಂದಿನ ಸೀಟಿಗೆ ಬಂದ.

“ಅಮ್ಮ, ಬರದೇ ಇದ್ರೂ ಬರತ್ತೆ ಅಂತ ಯಾರಾದ್ರೂ ನಿಂಗೆ ಸುಳ್ಳು ಹೇಳಿದಾರಾ?”

“ಈ ಡಾಕ್ಟ್ರೇ ಹೇಳಿದ್ರಲ್ಲ! ಮೊದಲನೇ ದಿನ, ಎಲ್ಲ ಗೊತ್ತು, ಸ್ವಲ್ಪ ಪ್ರಾಕ್ಟೀಸ್ ಸಾಕು ಅಂದ್ರು. ಗೇರ್ ಯಾವುದು ಅಂತಾನೂ ಗೊತ್ತಿರಲಿಲ್ಲ. ಪಾಪ, ಬರಲ್ಲ ಅನ್ನೋಕೆ ನಾಚಿಕೆ.”

“ನೀನು ಬೈಲಿಲ್ವಾ?”

“ಬೈದ್ರೆ ರಸ್ತೆ ಬಿಟ್ಟು ನನ್ನ ಮುಖ ನೋಡ್ಕೊಂಡು ಗಾಡಿ ಓಡಿಸ್ತಾರೆ ಕಣೋ,” ಅಂತ ಅಮ್ಮ ನಕ್ಕರು.

ಪ್ರೊಫೆಸರ್ ನಗಲಿಲ್ಲ. ಎರಡು ವಾರ ಓದುವಾಗೆಲ್ಲ ಚೂಟಿ ಪುಸ್ತಕಕ್ಕಿಂತ ಜಾಸ್ತಿ ಅವನ ಮುಖವನ್ನೇ ನೋಡ್ತಿದ್ದಳು. ಅದು ಈಗ ನೆನಪಾಯಿತು.

ಮಾರನೇ ದಿನ ಚೂಟಿ ಓದೋಕೆ ಬರಲಿಲ್ಲ. ಹುಡುಕಿ ಹುಡುಕಿ ಸಾಕಾಯಿತು. ಕೊನೆಗೆ ಶೂ ಇಡೋ ಕಪಾಟಿನ ಹಿಂದೆ ಎರಡು ಜಡೆ ಕಾಣಿಸಿದವು. ಪ್ರೊಫೆಸರ್ ಅಲ್ಲೇ ನೆಲದ ಮೇಲೆ ಕೂತ.

“ಸಾರಿ ಚೂಟಿ. ಕಿರುಚಬಾರದಿತ್ತು.”

ಜಡೆಗಳು ಇನ್ನೂ ಒಳಗೆ ಸರಿದವು.

“ಮಿಸ್ ಹತ್ರ ಹೋಗೋಣ. ಇಬ್ಬರೂ.”

“ಮಿಸ್ ಬೈತಾರೆ.”

“ಮೊದಲು ನಂಗೆ ಬೈತಾರೆ. ನೀನು ಹಿಂದೆ ನಿಂತ್ಕೋ.”

ಚೂಟಿ ನಿಜವಾಗಲೂ ಹಿಂದೆಯೇ ನಿಂತಳು, ಅವನ ಅಂಗಿ ಹಿಡಿದುಕೊಂಡು. ಮಿಸ್ ನೋಟ್‌ಬುಕ್ ತಿದ್ದುತ್ತಿದ್ದರು. ಪ್ರೊಫೆಸರ್ ಒಂದೇ ಉಸಿರಿಗೆ ಹೇಳಿಬಿಟ್ಟ.

“ಮಿಸ್ ಇವಳಿಗೆ ಓದೋಕೆ ಬರಲ್ಲ ಮೂರು ಪುಸ್ತಕನೂ ಬಾಯಿಪಾಠ. ನೀವು ಹೊಗಳಿದ್ರಲ್ಲ, ಅದು ಸುಳ್ಳು. ನಾನು ಸರಿಯಾಗಿ ನೋಡಲೇ ಇಲ್ಲ.”

ಮಿಸ್ ಪೆನ್ನು ಕೆಳಗಿಟ್ಟರು. ಬಗ್ಗಿ ಅವನ ಬೆನ್ನ ಹಿಂದೆ ನೋಡಿದರು.

“ಮೂರು ಪುಸ್ತಕ ಬಾಯಿಪಾಠನಾ? ಅಬ್ಬಾ! ನಂಗೂ ಟೋಪಿ ಹಾಕಿದೀಯಲ್ಲೇ!” ಅಂದರು. ಕೋಪ ಇರಲಿಲ್ಲ. “ಸರಿ, ನಾಳೆ ಬೇರೆ ಯಾರಾದರೂ ಓದ್ತಾರೆ ಬಿಡಿ. ಇವಳಿಗೆ ಇನ್ನು ಮೇಲೆ ನಾನೇ ಹೇಳಿಕೊಡ್ಲಾ, ಪ್ರೊಫೆಸರ್?”

ಅಂಗಿ ಹಿಂದಿನಿಂದ ಬಿಗಿಯಾಯಿತು.

“ಬೇಡ ಮಿಸ್. ನಾನೇ ಹೇಳಿಕೊಡ್ತೀನಿ.”

ಹೊರಗೆ ಬಂದಾಗ ಪ್ರೊಫೆಸರಿಗೆ ತುಂಬಿದ ಸ್ಕೂಲ್ ಬ್ಯಾಗ್ ಕೆಳಗಿಳಿಸಿದ ಹಾಗೆ ಹಗುರಾಗಿತ್ತು. ಚೂಟಿ ಕಾರಿಡಾರಿನಲ್ಲಿ ಒಂಟಿ ಕಾಲಲ್ಲಿ ಕುಣಿಯುತ್ತಾ ಹೋದಳು.

ಸೋಮವಾರ ಇಬ್ಬರೂ ಅಜ್ಜಿ ಓದಿರದ ಪುಸ್ತಕ ಹುಡುಕಿ ತೆಗೆದರು. ಪುಟಕ್ಕೆ ಒಂದೇ ಪದ. ದಿನಾ ಎರಡು ಅಕ್ಷರ ಕಲಿತರು. ಕೆಲವು ದಿನ ಒಂದೇ. ನಿನ್ನೆ ಕಲಿತದ್ದು ಇವತ್ತು ಮರೆತೂ ಹೋಗುತ್ತಿತ್ತು.

ಎಂಟು ದಿನವಾದ ಮೇಲೆ ಒಂದು ಪುಟದಲ್ಲಿ ನಾಯಿಯ ಚಿತ್ರ ಬಂತು. ಕೆಳಗೆ ‘ಬಾಲ’ ಅಂತಿತ್ತು.

“ನಾಯಿ!” ಅಂದಳು ಚೂಟಿ, ಥಟ್ಟನೆ.

‘ಅಲ್ಲ’ ಅನ್ನುವುದು ಪ್ರೊಫೆಸರ್ ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡ. ಕೈಗಳನ್ನು ತೊಡೆ ಕೆಳಗೆ ಸಿಕ್ಕಿಸಿಕೊಂಡು ಕೂತ.

ಚೂಟಿ ಅವನ ಕಡೆ ನೋಡಿದಳು. ಅವನು ಪುಸ್ತಕ ನೋಡುತ್ತಿದ್ದ. ಅವಳೂ ಪುಸ್ತಕ ನೋಡಿದಳು. ಬೆರಳು ಮೊದಲನೇ ಅಕ್ಷರದ ಮೇಲೆ ನಿಂತಿತು. ತುಂಬಾ ಹೊತ್ತು ನಿಂತಿತು.

“ಬಾ...” ಅಂದಳು. “ಬಾ... ಲ. ಅಯ್ಯೋ, ನಾಯಿ ಅಲ್ಲ ಅಣ್ಣ! ಬಾಲ! ಬಾಲ ಅಂತ ಬರೆದಿದೆ!”

ಪ್ರೊಫೆಸರ್ ತೊಡೆ ಕೆಳಗಿಂದ ಕೈ ತೆಗೆದ.

ಸುತ್ತಮುತ್ತ ಯಾರೂ ಇರಲಿಲ್ಲ. ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಅದು ಅವನಿಗೆ ನೆನಪೂ ಆಗಲಿಲ್ಲ.

“ಮುಂದಿನ ಪುಟ?” ಅಂದ.

ಚೂಟಿ ಆಗಲೇ ತಿರುಗಿಸಿದ್ದಳು.