ಹಳದಿ ಅಂಗೈ

"ಜಾಂಡೀಸ್ ಎಲ್ಲಿಂದ ಬಂತು ಅಂತ ಪತ್ತೆ ಆಯ್ತು ಮೇಡಂ. ನಮ್ಮ ಅಡುಗೆಯಮ್ಮನ ಅಂಗೈ ಪೂರ್ತಿ ಹಳದಿ!"

ಚಪ್ಪಲಿ ಬಿಡುವುದಕ್ಕೂ ಮೊದಲೇ ನಚಿಕೇತ ಬಾಗಿಲಲ್ಲಿ ನಿಂತು ಹೀಗೆ ಘೋಷಿಸಿದ. ಮುಖದಲ್ಲಿ ರ್‍ಯಾಂಕ್ ಬಂದವನ ಕಳೆ ಇತ್ತು.

ಆಗ ನಾನು ಅಂಗಿ ಬಿಚ್ಚಿ ದಿವಾನದ ಮೇಲೆ ಅಂಗಾತ ಮಲಗಿದ್ದೆ. ಏನೋ ಕಾಯಿಲೆ ಅಂದುಕೊಳ್ಳಬೇಡಿ. ನನ್ನ ಹೆಂಡತಿ ಡಾಕ್ಟರ್ ಚೂಡಾಮಣಿ ಮೆಡಿಕಲ್ ಕಾಲೇಜಿನಲ್ಲಿ ಪ್ರೊಫೆಸರ್ ಆಗಿದ್ದು ನಿವೃತ್ತಳಾದವಳು. ಭಾನುವಾರ ಬೆಳಿಗ್ಗೆ ತ್ಯಾಗರಾಜನಗರದ ನಮ್ಮ ಮನೆಯ ಹಾಲಿನಲ್ಲಿ ಕೊನೆಯ ವರ್ಷದ ವಿದ್ಯಾರ್ಥಿಗಳಿಗೆ ರೋಗಿಯನ್ನು ಪರೀಕ್ಷೆ ಮಾಡುವುದು ಹೇಗೆಂದು ಹೇಳಿಕೊಡುತ್ತಾಳೆ. ಅದಕ್ಕೊಂದು ದೇಹ ಬೇಕಲ್ಲ? ಅದು ನನ್ನದು. ಅನಂತಪದ್ಮನಾಭ ಅಂತ ನನ್ನ ಹೆಸರು, ಬ್ಯಾಂಕಿನಲ್ಲಿ ಮ್ಯಾನೇಜರ್ ಆಗಿದ್ದೆ. ಬ್ಯಾಂಕಿನಲ್ಲಿ ಜನ ನನ್ನೆದುರು ಕೈಕಟ್ಟಿ ನಿಲ್ಲುತ್ತಿದ್ದರು. ಈಗ ನಿನ್ನೆ ಮೊನ್ನೆ ಹುಟ್ಟಿದ ಮಕ್ಕಳು ಬಂದು ನನ್ನ ಹೊಟ್ಟೆಯನ್ನು ಟಕಟಕ ಬಡಿದು, "ಅಂಕಲ್, ಉಸಿರು ಎಳ್ಕೊಳಿ" ಅನ್ನುತ್ತವೆ. ಅದು ಮುಗಿಯುವವರೆಗೆ ನನಗೆ ಎರಡನೇ ಕಾಫಿ ಇಲ್ಲ.

ಅವತ್ತು ಹುಡುಗರಲ್ಲಿ ಬಂದವನು ನಚಿಕೇತ ಒಬ್ಬನೇ. ಅವನು ಇರುವುದು ಬಿ.ಟಿ.ಎಂ. ಲೇಔಟಿನ ಒಂದು ಪಿ.ಜಿ.ಯಲ್ಲಿ. ಅಲ್ಲಿ ಮೂವರು ಹುಡುಗರಿಗೆ ಒಂದೇ ವಾರದಲ್ಲಿ ಕಾಮಾಲೆ ಬಂದು ಊರಿಗೆ ಹೋಗಿದ್ದರು. ಪಿ.ಜಿ. ನಡೆಸುವ ಜಯದೇವಿ ಗಾಬರಿಯಾಗಿದ್ದಳು. ಹಿಂದಿನ ರಾತ್ರಿ ಊಟದ ಹೊತ್ತಿಗೆ ಅಡುಗೆಯ ಬಸವಲಿಂಗಮ್ಮನ ಅಂಗೈ ಅರಿಶಿನ ಬಳಿದಂತೆ ಇರುವುದು ಬೆಳಕಿಗೆ ಬಂತು. ನಚಿಕೇತ ನೋಡಿದ, ಜಾಂಡೀಸ್ ಎಂದ. ಅಷ್ಟೇ. ಹುಡುಗರು ಆಕೆ ಕೈಯಲ್ಲಿ ಕಟ್ಟಿದ ಮುದ್ದೆ ಬೇಡವೆಂದು ತಟ್ಟೆ ಸರಿಸಿ ಎದ್ದರು. ಜಯದೇವಿ ಆ ಏರಿಯಾದ ಪಿ.ಜಿ. ಮಾಲೀಕರ ವಾಟ್ಸಾಪ್ ಗುಂಪಿಗೆ ಸುದ್ದಿ ಹಾಕಿದಳು. ಇವತ್ತು ಮಧ್ಯಾಹ್ನದೊಳಗೆ ಬಸವಲಿಂಗಮ್ಮ ಅಡುಗೆಮನೆ ಹಿಂದಿನ ಕೋಣೆ ಖಾಲಿ ಮಾಡಬೇಕು.

ಚೂಡಾಮಣಿ ಸ್ಟೆತಸ್ಕೋಪನ್ನು ಮೇಜಿನ ಮೇಲಿಟ್ಟಳು. ಇಷ್ಟು ವರ್ಷ ಸಂಸಾರ ಮಾಡಿದ್ದೇನೆ, ಅವಳು ಮೆತ್ತಗೆ ಮಾತಾಡಿದರೆ ಯಾರಿಗೋ ಗ್ರಹಚಾರ ಎಂದು ನನಗೆ ಗೊತ್ತು.

"ಅಂಗೈ ನೋಡಿದೆ. ಕಣ್ಣು ನೋಡಿದ್ಯಾ?"

"ಕಣ್ಣು... ಇಲ್ಲ ಮೇಡಂ."

"ಯಾವ ಬೆಳಕಲ್ಲಿ ನೋಡಿದೆ?"

"ಊಟದ ಹಾಲ್ ಲೈಟಲ್ಲಿ."

"ನೀನಾಗೇ ನೋಡಿದ್ದಾ?"

"ಇಲ್ಲ, ಮಹಾಂತೇಶಣ್ಣ ಕರೆದ್ರು. ಜಯದೇವಿ ಆಂಟಿ ತಮ್ಮ, ಪಿ.ಜಿ. ನೋಡ್ಕೊಳೋದು ಅವ್ರೇ. ಅಡುಗೆಯಮ್ಮನ ಕೈ ಹಿಡಿದು ತಿರುಗಿಸಿ, 'ನೀನು ಡಾಕ್ಟ್ರಲ್ವಾ, ಇದೇನು ಹೇಳು' ಅಂದ್ರು. ಹೇಳ್ದೆ."

"ಹೇಳ್ದೆ," ಎಂದು ಚೂಡಾಮಣಿ ಅವನ ಮಾತನ್ನೇ ಹಿಂದಕ್ಕೆ ಕೊಟ್ಟಳು. "ನಿನ್ನ ಒಂದು ಮಾತಿಗೆ ಆ ಹೆಂಗಸಿನ ಅನ್ನ ಹೋಗ್ತಿದೆ ಕಣೋ. ನಡಿ. ರೀ, ಅಂಗಿ ಹಾಕ್ಕೊಳಿ."

"ನಾನ್ಯಾಕೆ?" ಎಂದೆ.

"ನಿಮ್ಮ ಕಾಲು ಬೇಕು."

ಕಾಫಿಯ ಆಸೆ ಅಲ್ಲಿಗೆ ಮುಗಿಯಿತು. ಪ್ರತಿ ವಾರ ಹೊಟ್ಟೆ, ಈ ವಾರ ಕಾಲು. ಆಟೊ ಜಯದೇವ ಜಂಕ್ಷನ್ನಿನಲ್ಲಿ ನಿಂತಾಗ ಮೇ ತಿಂಗಳ ಬಿಸಿಲಿಗೆ ನನ್ನ ತಲೆ ಕಾದುಹೋಗಿತ್ತು. ಚೂಡಾಮಣಿ ನಚಿಕೇತನನ್ನು ಒಂದೇ ಒಂದು ಪ್ರಶ್ನೆ ಕೇಳಿದಳು. ರಾಮನವಮಿಯ ದಿನ ಅವನು ಪಿ.ಜಿ.ಯಲ್ಲಿ ಏನಾದರೂ ತಿಂದಿದ್ದನೇ? ಅವನ ಬದಲು ನಾನೇ ಉತ್ತರ ಕೊಟ್ಟೆ. ಅವತ್ತೂ ಭಾನುವಾರವೇ ತಾನೇ? ಮಹಾನುಭಾವ ಸಂಜೆಯವರೆಗೂ ನಮ್ಮ ಮನೆಯಲ್ಲೇ ಇದ್ದ. ಪಾನಕದ ಪಾತ್ರೆ ಖಾಲಿ ಮಾಡಿ, ಹೊರಡುವಾಗ ಉಳಿದ ಕೋಸಂಬರಿಯನ್ನೂ ಬಳಿದುಕೊಂಡು ಹೋಗಿದ್ದ.

"ಹಾಗಾದ್ರೆ ಸರಿ," ಎಂದಳು ಚೂಡಾಮಣಿ. ಏನು ಸರಿಯೋ ಹೇಳಲಿಲ್ಲ.

ಬಸವಲಿಂಗಮ್ಮ ಪಿ.ಜಿ.ಯ ಹಿತ್ತಿಲ ಮೆಟ್ಟಿಲ ಮೇಲೆ ಬಿಸಿಲಿಗೆ ಮೈಯೊಡ್ಡಿ ಕೂತಿದ್ದಳು. ಪಕ್ಕದಲ್ಲಿ ಬಟ್ಟೆಯ ಗಂಟು, ಒಂದು ಟ್ರಂಕು. ನಾನು ಕರ್ಚೀಫಿನಲ್ಲಿ ಬೆವರು ಒರೆಸಿಕೊಳ್ಳುತ್ತಿದ್ದರೆ ಆಕೆ ಸೀರೆಯ ಮೇಲೆ ಸ್ವೆಟರ್ ಹಾಕಿದ್ದಳು. ಮುಖ ಸ್ವಲ್ಪ ಊದಿಕೊಂಡಂತಿತ್ತು. ನಮ್ಮನ್ನು ಕಂಡು ಎದ್ದವಳೇ ಎರಡೂ ಕೈಯನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡಳು.

"ತೊಳ್ದು ತೊಳ್ದು ಚರ್ಮ ಸುಲ್ದೋಯ್ತು ಡಾಕ್ಟ್ರಮ್ಮ, ಬಣ್ಣ ಹೋಗ್ತಿಲ್ಲ," ಎಂದಳು. ದನಿ ಗೊಗ್ಗರಾಗಿತ್ತು. "ಆ ಹುಡುಗ್ರು ನನ್ನ ಮಕ್ಕಳಿದ್ದಂಗೆ. ಅವ್ರಿಗೆ ನಾನು ರೋಗ ಹಚ್ತೀನಾ?"

ನಚಿಕೇತ ತಲೆ ತಗ್ಗಿಸಿ ಟ್ರಂಕನ್ನೇ ನೋಡುತ್ತಿದ್ದ.

"ಇಲ್ಲೇ ಬೆಳಕು ಚೆನ್ನಾಗಿದೆ," ಎಂದಳು ಚೂಡಾಮಣಿ ಅವನಿಗೆ. "ಮೊದಲು ಅವರನ್ನ ಕೇಳು, ಆಮೇಲೆ ಮುಟ್ಟು."

ಅವನು, "ನೋಡ್ಲಾ ಅಮ್ಮ?" ಎಂದು ಕೇಳಿ, ಕೆಳಗೆ ನೋಡಲು ಹೇಳಿ, ಬೆರಳಿನಿಂದ ಮೇಲಿನ ರೆಪ್ಪೆ ಎತ್ತಿದ. ಎರಡೂ ಕಣ್ಣನ್ನು ಬಗ್ಗಿ ನೋಡಿದ. ಮತ್ತೊಮ್ಮೆ ನೋಡಿದ.

"ಬಿಳಿ ಇದೆ ಮೇಡಂ. ಹಳದಿ ಇಲ್ವೇ ಇಲ್ಲ."

ಜಾಂಡೀಸ್ ಆದರೆ ಮೊದಲು ಹಳದಿಯಾಗುವುದು ಕಣ್ಣು, ಕಣ್ಣು ಬೆಳ್ಳಗಿದ್ದು ಅಂಗೈ ಮಾತ್ರ ಹಳದಿಯಾಗಿದ್ದರೆ ಅದು ಬೇರೆ ಕಥೆ ಎಂದು ಚೂಡಾಮಣಿ ವಿವರಿಸಿದಳು. ಆಮೇಲೆ ಬಸವಲಿಂಗಮ್ಮನ ಪಕ್ಕ ಮೆಟ್ಟಿಲ ಮೇಲೇ ಕೂತು ಮಾತಿಗಿಳಿದಳು. ಚಳಿ ಯಾವಾಗಿನಿಂದ? ಹೋದ ವರ್ಷದಿಂದ. ದನಿ? ಅದೂ ಹಾಗೇ. ಮಲಬದ್ಧತೆ, ಸುಸ್ತು, ತೂಕ? ಎಲ್ಲವೂ ಇತ್ತು, ವಯಸ್ಸಾಯಿತು ಎಂದುಕೊಂಡಿದ್ದಳಂತೆ. ಊಟ? ಹುಡುಗರು ಮುಟ್ಟದ ಕ್ಯಾರೆಟ್ ಪಲ್ಯ, ಸಿಹಿಗುಂಬಳದ ಹುಳಿ. ಎಸೆಯಲು ಮನಸ್ಸಾಗದೆ ದಿನವೂ ಅದನ್ನೇ ಉಣ್ಣುತ್ತಿದ್ದಳು.

ಅಷ್ಟರಲ್ಲಿ ನನ್ನ ಸರದಿ ಬಂತು. ಒಂದು ಕುರ್ಚಿ ತರಿಸಿ, ಅದರ ಮೇಲೆ ನನ್ನನ್ನು ಮಂಡಿಯೂರಿಸಿ, ಪಾದ ಹಿಂದಕ್ಕೆ ಜೋತುಬೀಳುವಂತೆ ನಿಲ್ಲಿಸಿದಳು. ಗಾಂಭೀರ್ಯವೇನೂ ಉಳಿಯಲಿಲ್ಲ. ನಚಿಕೇತ ರಬ್ಬರ್ ಸುತ್ತಿಗೆಯಿಂದ ಹಿಮ್ಮಡಿಯ ಮೇಲಿನ ನರಕ್ಕೆ ತಟ್ಟಿದ. ನನ್ನ ಪಾದ ಚಟ್ಟನೆ ಒದ್ದು ಚಟ್ಟನೆ ತನ್ನ ಜಾಗಕ್ಕೆ ಬಂತು. ಬಳಿಕ ಬಸವಲಿಂಗಮ್ಮ ಅದೇ ಕುರ್ಚಿಯ ಮೇಲೆ ಮಂಡಿಯೂರಿದಳು. ಆಕೆಯ ಪಾದವೂ ಒದ್ದಿತು. ಆದರೆ ಹಿಂದಕ್ಕೆ ಬರುವಾಗ ನಿಧಾನವಾಗಿ, ಮನಸ್ಸಿಲ್ಲದ ಮನಸ್ಸಿನಿಂದ ಬಂತು.

"ಥೈರಾಯ್ಡ್!" ಎಂದ ನಚಿಕೇತ.

"ಥೈರಾಯ್ಡ್ ಕಡಿಮೆ ಇರೋ ಹಾಗಿದೆ, ರಕ್ತ ಪರೀಕ್ಷೆ ಮಾಡಿಸೋಣ ಅನ್ನು," ಎಂದು ತಿದ್ದಿದಳು ಚೂಡಾಮಣಿ. ಥೈರಾಯ್ಡ್ ಮಂದವಾದರೆ ಕ್ಯಾರೆಟ್, ಕುಂಬಳದ ಬಣ್ಣವನ್ನು ದೇಹ ಸರಿಯಾಗಿ ಅರಗಿಸಿಕೊಳ್ಳುವುದಿಲ್ಲ, ಅದು ಚರ್ಮದಲ್ಲೇ ಕೂತುಬಿಡುತ್ತದೆ ಎಂದಳು. ಅದು ಅಂಟುವ ಕಾಯಿಲೆಯಲ್ಲ, ಮಾತ್ರೆಗೆ ಬಗ್ಗುತ್ತದೆ.

"ಹಾಗಾದ್ರೆ ಹುಡುಗ್ರಿಗೆ ಕಾಮಾಲೆ ಕೊಟ್ಟೋರು ಯಾರು?" ಎಂದೆ ನಾನು.

"ಒಳಗೆ ಹೋಗಿ ಕೇಳೋಣ."

ಊಟದ ಹಾಲಿನಲ್ಲಿ ಜಯದೇವಿ ಹೋಟೆಲಿನಿಂದ ತರಿಸಿದ ಅನ್ನ ಸಾಂಬಾರು ಜೋಡಿಸುತ್ತಿದ್ದಳು. ದೊಡ್ಡ ದನಿಯ, ಒಳ್ಳೆಯ ಹೆಂಗಸು. ಕಾಫಿ ತಗೊಳ್ತೀರಾ ಎಂದು ಕೇಳಿದಳು. ನಾನು ಹೂಂ ಅನ್ನುವಷ್ಟರಲ್ಲಿ ಚೂಡಾಮಣಿ ಬೇಡ ಅಂದಳು. ಅಡುಗೆಮನೆ ಬಾಗಿಲಿಗೆ ಒರಗಿ ನಿಂತಿದ್ದ ಸಣಕಲು ಆಸಾಮಿಯೇ ಮಹಾಂತೇಶ. ಬಸವಲಿಂಗಮ್ಮ ನಮ್ಮ ಹಿಂದೆ ಬಂದು ಗೋಡೆಗೆ ಆತು ನಿಂತಳು.

ನೀರಿನ ಬಗ್ಗೆ ಮೊದಲು ವಿಚಾರಣೆಯಾಯಿತು. ಮೇಲಿನ ಮಹಡಿಯಲ್ಲಿರುವ ಜಯದೇವಿಯ ಸಂಸಾರಕ್ಕೂ, ಎಲ್ಲ ಹುಡುಗರಿಗೂ ಅದೇ ಟ್ಯಾಂಕು, ಅದೇ ಫಿಲ್ಟರು. ನಚಿಕೇತನೂ ದಿನವೂ ಅದನ್ನೇ ಕುಡಿಯುತ್ತಾನೆ. ಬೀದಿಯಲ್ಲಿ ಬೇರೆ ಯಾರಿಗೂ ಕಾಯಿಲೆಯಿಲ್ಲ. ಇನ್ನು ಅಡುಗೆ ಎಂದರೆ ಕೊತಕೊತ ಕುದಿದದ್ದು. ಕುದಿದ ಊಟದಲ್ಲಿ ಕಾಮಾಲೆಯ ರೋಗಾಣು ಉಳಿಯುವುದಿಲ್ಲ.

"ಕುದಿಸದೇ ಇರೋದು ಏನಾದ್ರೂ ಕೊಟ್ರಾ, ತಿಂಗಳ ಹಿಂದೆ?" ಎಂದು ಕೇಳಿದಳು ಚೂಡಾಮಣಿ.

"ರಾಮನವಮಿ ಪಾನಕ, ಕೋಸಂಬರಿ," ಎಂದಳು ಜಯದೇವಿ. "ಬೀದೀಲೆಲ್ಲ ಮಾಡ್ತಾರೆ, ನಾವೂ ಹುಡುಗ್ರಿಗೆ ಹಂಚಿದ್ವಿ."

"ಬಸವಲಿಂಗಮ್ಮ ಮಾಡಿದ್ದಾ?"

"ಇಲ್ಲ, ಅವತ್ತು ಮಗಳ ಮನೆಗೆ ಪುಟ್ಟೇನಹಳ್ಳಿಗೆ ಹೋಗಿದ್ಲು. ಪಾಪ, ಮೈ ಹುಷಾರಿಲ್ದಿದ್ರೂ ನಮ್ಮ ಮಹಾಂತೇಶನೇ ಕೈಯಾರೆ ಕಲಸಿದ. ಏನೋ ರಾಮನ ದಯೆ ನೋಡಿ ಮೇಡಂ, ಅದೇ ವಾರ ಸಿಗರೇಟು ಬಿಟ್ಟ! ನಾನು ವರ್ಷಗಟ್ಟಲೆ ಬಡ್ಕೊಂಡ್ರೂ ಬಿಡದೋನು, ವಾಸನೆ ಕಂಡ್ರೆ ಆಗಲ್ಲ ಅಂತ ತಾನೇ ಪ್ಯಾಕೆಟ್ ಎಸೆದ. ಹಬ್ಬ ಆಗಿ ಸ್ವಲ್ಪ ದಿನಕ್ಕೆ ಮದ್ರಾಸ್ ಐ ಬೇರೆ ಬಂತು. ವಾರಗಟ್ಟಲೆ ಕಪ್ಪು ಕನ್ನಡಕ ತೆಗೀಲೇ ಇಲ್ಲ."

"ಮದ್ರಾಸ್ ಐ ಮತ್ತೆ ಯಾರಿಗೆ ಬಂತು?"

"ಮತ್ತೆ... ಯಾರಿಗೂ ಇಲ್ಲ."

ಊಟಕ್ಕೆಂದು ಇಳಿದು ಬಂದಿದ್ದ ಹುಡುಗರು ಬಾಗಿಲಲ್ಲೇ ನಿಂತರು.

ಚೂಡಾಮಣಿ ನಚಿಕೇತನ ಕಡೆ ತಿರುಗಿದಳು. "ನೀನು ಪುಸ್ತಕದಲ್ಲಿ ಓದಿದೀಯ. ಸಿಗರೇಟು ಸೇದೋನಿಗೆ ಇದ್ದಕ್ಕಿದ್ದಂತೆ ಸಿಗರೇಟು ಕಂಡ್ರೆ ವಾಕರಿಕೆ. ಯಾವಾಗ?"

ನಚಿಕೇತ ಮಹಾಂತೇಶನ ಕಡೆ ನೋಡಿದ. "ಜಾಂಡೀಸ್ ಕಾಣಿಸ್ಕೊಳೋಕೆ ಕೆಲವು ದಿನ ಮುಂಚೆ. ಬೇರೆಯವ್ರಿಗೆ ಜಾಸ್ತಿ ಹರಡೋದೂ ಆಗಲೇ."

"ಮದ್ರಾಸ್ ಐ ಒಬ್ಬರಿಗೆ ಬಂದ್ರೆ ಇಂಥ ಪಿ.ಜಿ.ಲಿ ಅರ್ಧ ಜನಕ್ಕೆ ಬರತ್ತೆ. ಇಲ್ಲಿ ಯಾರಿಗೂ ಬರ್ಲಿಲ್ಲ. ಯಾಕೆ? ಆ ಕನ್ನಡಕದ ಹಿಂದೆ ಇದ್ದದ್ದು ಕೆಂಪು ಕಣ್ಣಲ್ಲ, ಹಳದಿ ಕಣ್ಣು." ಅವಳು ನಿಧಾನವಾಗಿ ಎದ್ದಳು. "ಟಾಯ್ಲೆಟ್ಟಿಗೆ ಹೋಗಿ ಬಂದು ಸರಿಯಾಗಿ ತೊಳೀದೇ ಇದ್ದ ಕೈ ಹಸಿ ಕೋಸಂಬರಿ ಕಲಸ್ತು. ಒಬ್ಬರಿಂದ ಇನ್ನೊಬ್ಬರಿಗೆ ದಾಟಿ ಕಾಣಿಸ್ಕೊಳಕ್ಕೆ ಈ ಕಾಯಿಲೆಗೆ ಸುಮಾರು ತಿಂಗಳು ಬೇಕು. ಸರಿಯಾಗಿ ತಿಂಗಳಿಗೆ ಹುಡುಗ್ರು ಮಲಗಿದ್ರು. ಅವತ್ತು ನಮ್ಮನೇಲಿ ತಿಂದ ನಚಿಕೇತನಿಗೆ ಏನೂ ಆಗ್ಲಿಲ್ಲ. ಮಿಕ್ಕ ಕೆಲವರಿಗೆ ಚಿಕ್ಕಂದಿನಲ್ಲೇ ಬಂದುಹೋಗಿರತ್ತೆ, ಅವರು ಬಚಾವಾದ್ರು. ಹೇಳಿ ಮಹಾಂತೇಶ್, ರಕ್ತ ಪರೀಕ್ಷೆ ಮಾಡಿಸೋಣವಾ? ಕಾಮಾಲೆ ಬಂದುಹೋದ ಗುರುತು ರಕ್ತದಲ್ಲಿ ಇನ್ನೂ ಇರತ್ತೆ."

ಮಹಾಂತೇಶ ಬಾಗಿಲು ಬಿಟ್ಟು ನೆಲದ ಮೇಲೆ ಕುಸಿದು ಕೂತ. ಹಬ್ಬದ ದಿನ ತನಗೇ ಗೊತ್ತಿರಲಿಲ್ಲ ಎಂದ, ಬರೀ ಸುಸ್ತು ಅಂದುಕೊಂಡಿದ್ದನಂತೆ. ಕಣ್ಣು ಹಳದಿಯಾದ ಮೇಲೆ ಯಾರಿಗೂ ಹೇಳದೆ ನಾಟಿ ಔಷಧಿ ಕುಡಿದ. ಗೊತ್ತಾದರೆ ಹುಡುಗರೆಲ್ಲ ಖಾಲಿ ಮಾಡುತ್ತಾರೆಂಬ ಹೆದರಿಕೆ.

"ಕಾಯಿಲೆ ಬಂದಿದ್ದು ನಿಮ್ಮ ತಪ್ಪಲ್ಲ," ಎಂದಳು ಚೂಡಾಮಣಿ. "ಆದ್ರೆ ಹುಡುಗ್ರು ಮಲಗಿದಾಗ ನಿಮಗೆ ಎಲ್ಲ ಅರ್ಥ ಆಯ್ತು. ಆಮೇಲೆ ಇವರ ಕೈ ಹಿಡಿದು ನಚಿಕೇತನಿಗೆ ತೋರಿಸಿದ್ರಲ್ಲ, ಅದು ಕಾಯಿಲೆ ಅಲ್ಲ."

ಜಯದೇವಿ ತಮ್ಮನನ್ನು ನೋಡಿದ ನೋಟ ನನಗಿನ್ನೂ ನೆನಪಿದೆ. ಆಮೇಲೆ ಅವಳು ಬಸವಲಿಂಗಮ್ಮನ ಬಳಿ ಹೋಗಿ, ತಪ್ಪಾಯ್ತು, ಗುಂಪಿಗೂ ಈಗಲೇ ಹಾಕ್ತೀನಿ, ಗಂಟು ಬಿಚ್ಚು ಎಂದು ಗೋಗರೆದಳು.

ಬಸವಲಿಂಗಮ್ಮ ತಕ್ಷಣ ಒಪ್ಪಲಿಲ್ಲ.

"ಫೋನಲ್ಲಿ ಹಾಕೋದು ಆಮೇಲೆ," ಎಂದಳು ಆ ಗೊಗ್ಗರು ದನಿಯಲ್ಲಿ. "ನಿನ್ನೆ ರಾತ್ರಿ ಇದೇ ಜಾಗದಲ್ಲಿ ಎಲ್ರ ಎದುರಿಗೆ ನನ್ನ ಕೈ ತಿರುಗ್ಸಿ ತೋರ್ಸಿದ್ರಿ. ಈಗ ಎಲ್ರ ಎದುರಿಗೇ ಹೇಳ್ಬೇಕು. ಅವ್ರೇ ಹೇಳ್ಬೇಕು."

ಮಹಾಂತೇಶ ಎದ್ದು ನಿಂತ. ಕಾಯಿಲೆ ತಂದವನು ತಾನು, ಅಮ್ಮನ ಕೈಯಲ್ಲಿ ಏನೂ ದೋಷವಿಲ್ಲ ಎಂದು ಹುಡುಗರ ಎದುರಿಗೆ ಹೇಳಿದ. ಎರಡನೇ ಸಲ ಜೋರಾಗಿ ಹೇಳು ಎಂದು ಜಯದೇವಿ ಗದರಿದಳು. ಹೇಳಿದ.

ಹೋಟೆಲ್ ಅನ್ನ ಹಾಗೇ ಉಳಿಯಿತು. ಬಸವಲಿಂಗಮ್ಮ ಸೋಪು ಹಾಕಿ ಕೈ ತೊಳೆದು, ಸ್ವೆಟರಿನ ತೋಳು ಮಡಚಿ ಒಲೆ ಹಚ್ಚಿದಳು. ಮೊದಲು ನನಗೊಂದು ಲೋಟ ಕಾಫಿ ಬಂತು. ಆ ತಾಯಿ ನೂರು ವರ್ಷ ಬಾಳಲಿ. ಸ್ವಲ್ಪ ಹೊತ್ತಿಗೆ ಮುದ್ದೆ, ಸೊಪ್ಪಿನ ಸಾರು ಸಿದ್ಧವಾದವು. ಹುಡುಗರು ತಟ್ಟೆ ಹಿಡಿದು ಸಾಲು ನಿಂತರೂ ಯಾರೂ ಮುಂದೆ ಬರಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ಬಸವಲಿಂಗಮ್ಮ ಅದನ್ನು ನೋಡಿದಳು. ಮುದ್ದೆ ಎತ್ತಿ ಹಾಕಲು ಸೌಟಿಗಾಗಿ ಹುಡುಕಾಡಿದಳು.

ನಚಿಕೇತ ಸಾಲು ಬಿಟ್ಟು ಮುಂದೆ ಬಂದು ತಟ್ಟೆ ಒಡ್ಡಿದ. ಅವನ ಕಣ್ಣಲ್ಲಿ ನೀರಿತ್ತು.

"ಸೌಟು ಬೇಡ ಅಮ್ಮ," ಎಂದ. "ಕೈಯಲ್ಲೇ ಹಾಕಿ."