ಸಗಣಿ ಹುಳ ಮತ್ತು ಬೀಗದ ಕೈ

ಈಶ್ವರನನ್ನು ನಾನು ಮೊದಲ ಸಲ ನೋಡಿದಾಗ ಅವನು ಗದ್ದೆಯಲ್ಲಿ ಬೋರಲು ಬಿದ್ದಿದ್ದ.

ಕುಪ್ಪಗಡ್ಡೆಯಲ್ಲಿ ಯಾರದೋ ಗದ್ದೆ, ಭತ್ತ ಕೊಯ್ದಾಗಿತ್ತು. ಕೂಳೆಯ ನಡುವೆ ಒಬ್ಬ ಗಂಡಸು ನೆಲಕ್ಕೆ ಮುಖ ಹಚ್ಚಿ ಮಲಗಿದ್ದಾನೆ, ಕಾಲು ಮಾತ್ರ ಆಗೀಗ ಅಲುಗುತ್ತಿದೆ. ನಾನಾದರೂ ಏನಂದುಕೊಳ್ಳಬೇಕು? ಮೂರ್ಛೆ ರೋಗ ಅಂದುಕೊಂಡೆ. ನಮ್ಮ ಕಡೆ ಮೂರ್ಛೆ ಬಂದವರ ಕೈಗೆ ಕಬ್ಬಿಣ ಹಿಡಿಸುತ್ತಾರೆ. ಸೊಂಟಕ್ಕೆ ಸಿಕ್ಕಿಸಿದ್ದ ಬೀಗದ ಕೈ ಗೊಂಚಲು ಕಿತ್ತು, ಓಡಿಹೋಗಿ ಅವನ ಅಂಗೈಗೆ ತುರುಕಿ, ಬೆರಳು ಮಡಚಿ, ನನ್ನ ಎರಡೂ ಕೈಯಿಂದ ಅದುಮಿ ಹಿಡಿದೆ.

"ಯವ್ವಾ, ಯಾರಾದ್ರೂ ಬರ್ರೀ! ಗಟ್ಟಿ ಹಿಡೀರಿ, ಬಿಡಬ್ಯಾಡ್ರಿ!"

ಅವನು ಕತ್ತು ತಿರುಗಿಸಿ ನೋಡಿದ. ಮೂಗಿನ ತುದಿಗೆ ಮಣ್ಣು. ಕಣ್ಣಲ್ಲಿ ಮೂರ್ಛೆಯೂ ಇಲ್ಲ, ಏನೂ ಇಲ್ಲ, ಬರೀ ನಗು.

"ಎಂತ ಮಾರಾಯ್ತಿ, ಮೆಲ್ಲಗೆ. ಹುಳ ಹೆದ್ರುತ್ತೆ."

ಅವನ ಮೂಗಿನ ಮುಂದೆ ಒಂದು ಕಪ್ಪು ಸಗಣಿ ಹುಳ ತನಗಿಂತ ದೊಡ್ಡ ಉಂಡೆಯನ್ನು ಹಿಂಗಾಲಿನಿಂದ ತಳ್ಳುತ್ತ ಹೊರಟಿತ್ತು. ನಮ್ಮ ಕುರಿಗಳ ಹಿಕ್ಕೆಯಲ್ಲಿ ಮಾಡಿದ ಉಂಡೆ. ಒಂದು ಕೂಳೆಗೆ ತಾಗಿ ಉಂಡೆ ಹಿಂದಕ್ಕೆ ಉರುಳಿತು, ಹುಳ ಅದರ ಜೊತೆಗೇ ಮಗುಚಿ ಬಿತ್ತು, ಮತ್ತೆ ಎದ್ದು ತಳ್ಳಿತು.

"ಇದನ್ನ ನೋಡಾಕೆ ಹಿಂಗ್ ಮಲಗ್ತಾರೇನ್ರಿ? ನನ್ನ ಜೀವಾನೇ ಹೋಗಿತ್ತು!"

"ನಿಂತು ನೋಡಿದ್ರೆ ಹುಳ ಅಷ್ಟೇ ಕಾಣುತ್ತೆ. ಮಲ್ಕೊಂಡು ನೋಡಿದ್ರೆ ಅದು ಪಡೋ ಪಾಡು ಕಾಣುತ್ತೆ."

ಇಂಥ ಮಾತಿಗೆಲ್ಲ ಬೀಳುವವಳಲ್ಲ ನಾನು ಅಂದುಕೊಂಡೆ. ಗೊಂಚಲು ಇನ್ನೂ ಅವನ ಕೈಯಲ್ಲಿತ್ತು, ನನ್ನ ಕೈ ಅದರ ಮೇಲೇ ಇತ್ತು. ಅದನ್ನು ಮೊದಲು ಗಮನಿಸಿದವನು ಅವನು. ಕಿವಿ ಕೆಂಪಾದದ್ದು ನನ್ನದು.

ನಾನು ಸುಷ್ಮಿತಾ, ಶಿಕಾರಿಪುರದ ಕಡೆಯ ಚಿಕ್ಕಬೀರಪ್ಪನ ಮಗಳು. ಗಾಬರಿ ನನ್ನ ಹುಟ್ಟುಗುಣ. ಬಸ್ಸು ತಡವಾದರೆ ಎಲ್ಲೋ ಮಗುಚಿದೆ ಅಂದುಕೊಳ್ಳುವವಳು. ನಮ್ಮದು ಕುರಿ ಸಾಕುವ ಮನೆ. ಭತ್ತದ ಕೊಯ್ಲು ಮುಗಿದ ಮೇಲೆ ಅಪ್ಪ ಮಂದೆ ಹೊಡೆದುಕೊಂಡು ಸೊರಬದ ಊರುಗಳಿಗೆ ಹೋಗುತ್ತಾನೆ. ಈ ಸಲ ಕುಪ್ಪಗಡ್ಡೆಯಲ್ಲಿ ಒಬ್ಬೊಬ್ಬರ ಗದ್ದೆಗೆ ಸರದಿಯ ಮೇಲೆ ಇಳಿಸುತ್ತಿದ್ದ. ರಾತ್ರಿ ಗದ್ದೆಯಲ್ಲಿ ಕುರಿ ನಿಲ್ಲಿಸಿದರೆ ಅವುಗಳ ಹಿಕ್ಕೆ, ಗಂಜಲವೇ ಗೊಬ್ಬರ. ನಾನು ಊರಿನಲ್ಲಿ ಪಶುಸಖಿ. ಕುರಿ ಮೇಕೆಗೆ ಮದ್ದು ಕೊಡುವುದು, ಕಾಯಿಲೆ ಬಿದ್ದರೆ ಡಾಕ್ಟರಿಗೆ ತಿಳಿಸುವುದು ನನ್ನ ಕೆಲಸ.

ಆಮೇಲೆ ಅಪ್ಪನಿಗೆ ಬುತ್ತಿ ಕೊಡುವ ನೆಪದಲ್ಲಿ ಕುಪ್ಪಗಡ್ಡೆಗೆ ಹೋಗುವುದು ಹೆಚ್ಚಾಯಿತು. ಈಶ್ವರ ಒಂದು ಹಿಡಿ ಮಣ್ಣು ತಂದು ಬಿಳಿ ಟವೆಲ್ ಮೇಲೆ ಹರಡುತ್ತಿದ್ದ. "ಇವರೆಲ್ಲ ಈ ಗದ್ದೆಯ ಒಕ್ಕಲು, ನಾವು ಸುಮ್ನೆ ಪಹಣಿಯಲ್ಲಿ ಇರೋರು" ಎನ್ನುತ್ತಿದ್ದ. ಎರೆಹುಳದ ಮರಿ, ಮುಟ್ಟಿದರೆ ಸುರುಳಿಯಾಗುವ ಸಾವಿರ ಕಾಲಿನ ಹುಳ, ಗೆದ್ದಲು, ಸಾಸಿವೆಗಿಂತ ಚಿಕ್ಕದಾಗಿ ಚಂಗನೆ ನೆಗೆಯುವ ಬಿಳಿ ಹುಳ. ನಾನು ಬಗ್ಗಿ ನೋಡುತ್ತಿದ್ದೆ. ಅವನು ಮಣ್ಣು ನೋಡುವುದು ಬಿಟ್ಟು ನನ್ನನ್ನು ನೋಡುತ್ತಿದ್ದ.

"ಹುಳ ಆ ಕಡೆ ಐತ್ರಿ," ಎಂದೆ ಒಮ್ಮೆ.

"ಗೊತ್ತು," ಎಂದ, ಕಣ್ಣು ಮಾತ್ರ ಕದಲಿಸಲಿಲ್ಲ.

ಅವನಿಗೆ ಈ ಹುಚ್ಚು ಯಾಕೆ ಹತ್ತಿತು ಎಂಬುದನ್ನೂ ಅಲ್ಲೇ ಹೇಳಿದ. ಒಂದು ವರ್ಷ ಅವನೇ ತನ್ನ ಕೈಯಾರೆ ಗದ್ದೆಗೆ ಕೀಟದ ಗುಳಿಗೆ ಎರಚಿದ್ದ. ಮರುದಿನ ಹೋಗಿ ನೋಡಿದರೆ ಬದುವಿನುದ್ದಕ್ಕೂ ಎರೆಹುಳ ಮೇಲೆ ಬಂದು ಸತ್ತು ಬಿದ್ದಿದ್ದವು. ಅವತ್ತು ಅವನಿಗೆ ಊಟ ಸೇರಲಿಲ್ಲವಂತೆ. ಅವನ ಅಪ್ಪ ವೀರಬಸಪ್ಪ ಗೌಡರ ಹತ್ತಿರ ಜಗಳ ಮಾಡಿ, ಕೆಳಗಿನ ಗದ್ದೆಗೆ ಮಾತ್ರ ಗುಳಿಗೆ ಬೇಡ ಎಂದು ಒಪ್ಪಿಸಿದ್ದ. ಈ ಸಲವೂ ಪೈರು ಸೊರಗಿದರೆ ಗುಳಿಗೆ ಮತ್ತೆ ಬರುತ್ತದೆ ಎಂದು ಗೌಡರು ಖಡಾಖಂಡಿತ ಹೇಳಿದ್ದರು. ಹುಳಗಳು ಈಗಷ್ಟೇ ಒಂದೊಂದಾಗಿ ವಾಪಸ್ಸು ಬರುತ್ತಿದ್ದವು.

ಒಂದು ದಿನ ಫೋನಿನಲ್ಲಿ ಈಶ್ವರ ಹೇಳಿದ: "ಶುಕ್ರವಾರ ಸಂಜೆ ನಿಮ್ಮ ಮಂದೆ ನಮ್ಮ ಕೆಳಗಿನ ಗದ್ದೆಗೆ ಇಳಿಯುತ್ತೆ. ಇಳಿದ ಕೂಡಲೇ ಅಪ್ಪ ಅಮ್ಮನಿಗೆ ನಮ್ಮ ವಿಷಯ ಹೇಳ್ತೀನಿ. ನಿಂಗೆ ಬೇಡ ಅನ್ಸಿದ್ರೆ ಕುರಿ ಬದು ದಾಟೋದ್ರೊಳಗೆ ಹೇಳಿಬಿಡು."

"ಬ್ಯಾಡ ಅಂದ್ರೆ ಏನ್ ಮಾಡ್ತೀರಿ?"

"ಮತ್ತೆ ಬೋರಲು ಮಲಗ್ತೀನಿ. ಈ ಸಲ ಏಳಲ್ಲ."

ನಗು ಬಂತು, ಹಿಂದೆಯೇ ಗಾಬರಿಯೂ. ಅವರು ಲಿಂಗ ಕಟ್ಟಿಕೊಂಡ ಗೌಡರ ಮನೆಯವರು, ನಾವು ಕುರುಬರು. ಗೌಡರು ಒಂದು ಮಾತು ಗಟ್ಟಿಯಾಗಿ ಬೇಡ ಅಂದರೆ ಅಲ್ಲಿಗೆ ಎಲ್ಲ ಮುಗಿಯುತ್ತದೆ.

ಶುಕ್ರವಾರ ಮಧ್ಯಾಹ್ನ ಶಿಕಾರಿಪುರದಲ್ಲಿ ಪಶುಸಖಿಯರ ಮೀಟಿಂಗ್. ನನ್ನ ಕಣ್ಣು ಗಡಿಯಾರದ ಮೇಲೆ, ಕಿವಿ ಎಲ್ಲೋ. ಡಾಕ್ಟರ್ ನೀಲಾಂಬಿಕ ಮೇಡಂ ಹೇಳುತ್ತಿದ್ದರು: "ಕಜ್ಜಿಗೂ ಜಂತುಹುಳಕ್ಕೂ ಒಟ್ಟಿಗೆ ಕೊಡೋ ಇಂಜೆಕ್ಷನ್ ಇದ್ಯಲ್ಲ, ಅದರ ಅಂಶ ಹಿಕ್ಕೆಯಲ್ಲಿ ಹೊರಗೆ ಬರುತ್ತೆ. ಅದನ್ನ ತಿಂದ ಸಗಣಿ ಹುಳದ ಮರಿಗಳು ಸಾಯ್ತವೆ. ಇಂಜೆಕ್ಷನ್ ಆದ ಎರಡು ಮೂರು ವಾರ ಆ ಕುರಿಗಳನ್ನ ಹೊಲದಲ್ಲಿ ನಿಲ್ಲಿಸಬೇಡಿ."

ನನ್ನ ಕೈಯಲ್ಲಿದ್ದ ಟೀ ಲೋಟ ಅಲ್ಲೇ ನಿಂತಿತು. ಹಿಂದಿನ ಭಾನುವಾರ ಇಡೀ ಮಂದೆಗೆ ಆ ಇಂಜೆಕ್ಷನ್ ಚುಚ್ಚಿದವಳು ನಾನೇ. ಗೌಡರ ಗದ್ದೆಗೆ ಹೋಗುವ ಕುರಿ, ಕಜ್ಜಿ ಇರಬಾರದು, ಲಕಲಕ ಅನ್ನಬೇಕು ಎಂದು ಮುತುವರ್ಜಿಯಿಂದ ಚುಚ್ಚಿದ್ದೆ.

ಅಪ್ಪನಿಗೆ ಫೋನ್ ಹಚ್ಚಿದೆ, ಸ್ವಿಚ್ ಆಫ್. ಈಶ್ವರನಿಗೆ ಹಚ್ಚಿದೆ. ಬಡಿದುಕೊಂಡಿತು, ಎತ್ತಲಿಲ್ಲ. ಮತ್ತೆ ಹಚ್ಚಿದೆ. ಆಮೇಲೆ ಚಪ್ಪಲಿ ಕಿತ್ತುಹೋಗುವ ಹಾಗೆ ಬಸ್ ಸ್ಟ್ಯಾಂಡಿಗೆ ಓಡಿದೆ.

ಶಿರಾಳಕೊಪ್ಪದಲ್ಲಿ ಬಸ್ಸು ಅಲ್ಲಾಡದೆ ನಿಂತುಬಿಟ್ಟಿತು. ಕಂಡಕ್ಟರ್ ಇಳಿದು ಬಾಳೆಹಣ್ಣು ತಿನ್ನುತ್ತಿದ್ದ.

"ಅಣ್ಣಾ, ಯಾವಾಗ್ ಬಿಡ್ತೀರಿ?"

"ಬಿಡ್ತೀವಿ ಕಣಮ್ಮ. ಏನ್ ಹೆರಿಗೆಗೆ ಹೊಂಟೀಯೇನು?"

ನನಗೆ ಅಳು ಬಂದುಬಿಡುವುದರಲ್ಲಿತ್ತು. ಕಿಟಕಿಗೆ ತಲೆ ಆನಿಸಿ ಕೂತೆ. ಆಗ ಬಂತು ನೋಡಿ, ಮನಸ್ಸಿಗೆ ಒಂದು ಕೆಟ್ಟ ಯೋಚನೆ. ಸುಮ್ಮನಿದ್ದುಬಿಡೆ ಸುಷ್ಮಿತಾ. ಹುಳ ಸತ್ತರೆ ಯಾಕೆ ಸತ್ತಿತು ಎಂದು ಯಾರಿಗೆ ಗೊತ್ತಾಗುತ್ತದೆ? ಬದುವಿನವರೆಗೆ ಬಂದ ಮಂದೆಯನ್ನು ತಿರುಗಿಸಿದರೆ ಗೌಡರಿಗೆ ಅಪಶಕುನ, ಅಪ್ಪನಿಗೆ ಮಾತು ತಪ್ಪಿದ ಅವಮಾನ. ಅದೇ ಸಂಜೆ ಅದೇ ಗೌಡರ ಮುಂದೆ ನನ್ನ ಮದುವೆಯ ಮಾತು. ಬಾಯಿ ಬಿಟ್ಟರೆ ಈಶ್ವರ ನನಗಿಲ್ಲ.

ಬಾಯಿ ಬಿಡದಿದ್ದರೆ? ಬಿಳಿ ಟವೆಲ್ ಹರಡಿ ಕೂತು ಅವನು ಮಣ್ಣಲ್ಲಿ ಹುಳ ಹುಡುಕುತ್ತಾನೆ. ಏನೂ ಅಲುಗುವುದಿಲ್ಲ. ತಲೆ ಎತ್ತಿ ನನ್ನನ್ನೇ ಕೇಳುತ್ತಾನೆ, ಎಲ್ಲಿ ಹೋದವು ಅಂತ. ಅವನ ಪಕ್ಕದಲ್ಲಿ ಕೂತು ನಾನು ಏನು ಹೇಳಲಿ? ಹಾಳಾದ ಬಸ್ಸು ಕೊನೆಗೂ ಹೊರಟಿತು.

ಸೊರಬದಲ್ಲಿ ಇಳಿದು ಆಟೋ ಹಿಡಿದು ಕುಪ್ಪಗಡ್ಡೆ ಮುಟ್ಟಿದಾಗ ಹೊತ್ತು ಇಳಿದಿತ್ತು. ಗದ್ದೆಯ ಕಡೆಯಿಂದ ಧೂಳು ಏಳುತ್ತಿತ್ತು, ಕುರಿಗಳ ಸದ್ದು ಕೇಳುತ್ತಿತ್ತು. ಬದುವಿನ ಬಳಿ ಗೌಡರು ಶಲ್ಯ ಹೊದ್ದು ನಿಂತಿದ್ದರು. ಈಶ್ವರನ ತಾಯಿ ರಾಜೇಶ್ವರಮ್ಮ ಆರತಿ ತಟ್ಟೆ ಹಿಡಿದಿದ್ದರು. ಮುಂದಿನ ಟಗರಿಗೆ ಆರತಿ ಎತ್ತಿದ ಮೇಲೆಯೇ ಮಂದೆ ಇಳಿಯಬೇಕು, ಅದು ಅವರ ಮನೆಯ ಪದ್ಧತಿ. ಈಶ್ವರ ಹೊಸ ಅಂಗಿ ಹಾಕಿಕೊಂಡಿದ್ದ. ನನ್ನನ್ನು ಕಂಡು ಮುಖ ಅರಳಿತು.

ನಾನು ಬದು ಹತ್ತಿ ಎರಡೂ ಕೈ ಚಾಚಿ ನಿಂತೆ.

"ಬ್ಯಾಡ! ಅಪ್ಪೋ, ನಿಲ್ಸು! ಬ್ಯಾಡ!"

ಅಪ್ಪ ಬೆಚ್ಚಿ ಕೋಲು ಅಡ್ಡ ಹಿಡಿದ. ಅರಳಿದ್ದ ಈಶ್ವರನ ಮುಖ ನನ್ನ ಕಣ್ಣೆದುರೇ ಬಾಡಿತು.

"ಬೇಡ ಅನ್ನೋದಾದ್ರೆ ಫೋನಲ್ಲೇ ಹೇಳಬಹುದಿತ್ತಲ್ಲ," ಎಂದ, ಮೆಲ್ಲಗೆ.

"ಫೋನ್ ಎತ್ತಬೇಕಿತ್ತಲ್ಲ ನೀವು!" ಎಂದು ಕಿರುಚಿದೆ. "ನಿಮ್ಮನ್ನ ಬ್ಯಾಡ ಅಂದೆನೇನ್ರಿ ನಾನು? ಕುರಿ ಬ್ಯಾಡ ಅಂದೆ, ಕುರಿ!"

"ಎಂತದು? ಯಾರನ್ನ ಯಾರು ಬೇಡ ಅಂದದ್ದು?" ಎಂದರು ಗೌಡರು. ನಾವು ಹೇಳಬೇಕೆಂದಿದ್ದ ವಿಷಯ ಹೀಗೆ ಎಡವಟ್ಟಾಗಿ ಹೊರಗೆ ಬಿತ್ತು. ಅಪ್ಪನ ಬಾಯಿ ತೆರೆದೇ ಇತ್ತು.

ಇನ್ನು ಮುಚ್ಚಿಡುವುದಕ್ಕೆ ಏನೂ ಉಳಿದಿರಲಿಲ್ಲ. ಇಂಜೆಕ್ಷನ್ ಚುಚ್ಚಿದ್ದು, ಮೇಡಂ ಹೇಳಿದ್ದು, ಬಸ್ಸಿನಲ್ಲಿ ಬಂದದ್ದು ಎಲ್ಲ ಒಂದೇ ಉಸಿರಿಗೆ ಹೇಳಿದೆ. ಹೇಳಿ ಮುಗಿಯುವಾಗ ಕಣ್ಣಿಗೆ ಕತ್ತಲೆ ಬಂತು, ಅಲ್ಲೇ ಬದುವಿನ ಮೇಲೆ ಕುಸಿದು ಕೂತೆ.

ಈಶ್ವರ ಓಡಿ ಬಂದ. ಜೇಬಿನಿಂದ ಏನೋ ತೆಗೆದು ನನ್ನ ಅಂಗೈಗೆ ಇಟ್ಟು, ಬೆರಳು ಮಡಚಿ, ತನ್ನ ಎರಡೂ ಕೈಯಿಂದ ಅದುಮಿ ಹಿಡಿದ. ತಣ್ಣಗಿನ ಕಬ್ಬಿಣ. ಅವರ ಮನೆಯ ಬೀಗದ ಕೈ ಗೊಂಚಲು.

"ಗಟ್ಟಿ ಹಿಡಿ. ಬಿಡಬ್ಯಾಡ," ಎಂದ, ನನ್ನದೇ ಮಾತಿನಲ್ಲಿ. ಅವನ ಕಣ್ಣು ತುಂಬಿತ್ತು.

ಗೌಡರು ಬದು ಹತ್ತಿ ನನ್ನ ಮುಂದೆ ಬಂದು ನಿಂತರು. ಆಮೇಲೆ ನನ್ನನ್ನೇ ಕೇಳಿದರು: "ನೀನು ಸುಮ್ನಿದ್ದಿದ್ರೆ ನಂಗೆ ಗೊತ್ತಾಗ್ತಿತ್ತಾ?"

"ಇಲ್ರಿ."

"ನನ್ನ ಮಗನಿಗೆ?"

"ಅವ್ರಿಗೂ ಇಲ್ರಿ."

"ಮತ್ತೆ?"

"ನಂಗೆ ಗೊತ್ತಿತ್ತಲ್ರಿ, ಗೌಡ್ರೆ."

ಅವರು ಹೆಂಡತಿಯ ಮುಖ ನೋಡಿದರು. ಗಾಳಿಗೆ ಆರತಿಯ ದೀಪ ಆರದಂತೆ ಅಂಗೈ ಅಡ್ಡ ಹಿಡಿದಿದ್ದ ರಾಜೇಶ್ವರಮ್ಮ ಅಂದರು: "ಹಚ್ಚಿದ ದೀಪ ಹಂಗೇ ವಾಪಸ್ ಒಯ್ಯಲ್ಲ ನಾನು. ಗದ್ದೆಗೆ ಬೇಡ ಅಂದ್ರೆ ಮನೆ ಮುಂದಿನ ಕಣದಲ್ಲಿ ನಿಲ್ಲಲಿ. ಗಟ್ಟಿ ನೆಲ. ಹಿಕ್ಕೆ ಗುಡಿಸಿ ಬೇರೆ ಗುಂಡಿಗೆ ಹಾಕಿ ಕೊಳೆಸಿದ್ರಾಯ್ತು. ಮುಂದಿನ ತಿಂಗಳು ಗದ್ದೆಗೆ ಇಳೀಲಿ. ಬಾ ಚಿಕ್ಕಬೀರಪ್ಪ, ಹೊಡಿ."

ಮಂದೆ ತಿರುಗಿ ಊರಿನ ದಾರಿ ಹಿಡಿಯಿತು. ಗದ್ದೆಯಲ್ಲಿ ಒಂದು ಕುರಿಯ ಹೆಜ್ಜೆಯೂ ಬೀಳಲಿಲ್ಲ. ಅಪ್ಪ ಮುಂದೆ ನಡೆದ. ಅವನ ಹಿಂದೆ ಗೌಡರು ನಡೆದರು. ಅವರ ಬೆನ್ನು ನೋಡುತ್ತ ನಾನು ಹಿಂದೆ ಹಿಂದೆ ನಡೆದೆ. ಅದರಿಂದ ಏನೂ ಗೊತ್ತಾಗುತ್ತಿರಲಿಲ್ಲ. ಕಣಕ್ಕೆ ಕುರಿ ಬರಲಿ ಅಂದಮಾತ್ರಕ್ಕೆ ಮನೆಗೆ ಸೊಸೆ ಬರಲಿ ಅಂದಂತಾಗುತ್ತದೆಯೇ?

ಎಲ್ಲರೂ ಗದ್ದೆಗೆ ಬಂದಿದ್ದರಿಂದ ಮನೆಗೆ ಬೀಗ ಹಾಕಿತ್ತು. ಗೌಡರು ಜಗಲಿ ಹತ್ತಿ ನಿಂತರು.

"ಈಶ್ವರಾ, ಬೀಗ ತೆಗಿಯಾ."

"ಕೀ ನನ್ನ ಹತ್ರ ಇಲ್ಲಪ್ಪ."

ಎಲ್ಲರ ಕಣ್ಣೂ ನನ್ನ ಮುಷ್ಟಿಯ ಮೇಲೆ. ದಾರಿಯುದ್ದಕ್ಕೂ ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ ಅಂಗೈಯಲ್ಲಿ ಹಲ್ಲುಹಲ್ಲಿನ ಗುರುತು ಮೂಡಿತ್ತು. ಗಡಿಬಿಡಿಯಲ್ಲಿ ಗೊಂಚಲು ಗೌಡರ ಮುಂದೆ ಚಾಚಿದೆ. ಅವರು ಕೈ ನೀಡಲಿಲ್ಲ. ಒಮ್ಮೆ ಗೊಂಚಲು ನೋಡಿದರು, ಒಮ್ಮೆ ನನ್ನನ್ನು ನೋಡಿದರು, ಶಲ್ಯ ಹೆಗಲಿಗೆ ಎಳೆದುಕೊಂಡು ಬಾಗಿಲಿನಿಂದ ಪಕ್ಕಕ್ಕೆ ಸರಿದರು.

"ಯಾರ ಕೈಲಿ ಇದ್ಯೋ ಅವರೇ ತೆಗೀಲಿ. ಉದ್ದನೆಯದು ನೋಡು, ಅದೇ."

ಉದ್ದನೆಯದನ್ನು ಹುಡುಕಿದೆ. ತೂತಿಗೆ ಹಾಕುವಾಗ ಎರಡು ಸಲ ತಪ್ಪಿತು. ಹಿಂದಿನಿಂದ ಈಶ್ವರನ ಉಸಿರು ಕೇಳುತ್ತಿತ್ತು. ಆಮೇಲೆ ಬೀಗ ಕಟಕ್ಕೆಂದು ತೆರೆಯಿತು. ರಾಜೇಶ್ವರಮ್ಮ ಆರತಿ ತಟ್ಟೆ ಹಿಡಿದುಕೊಂಡೇ ನನ್ನ ಪಕ್ಕಕ್ಕೆ ಬಂದರು.

"ಬಲಗಾಲು ಮೊದ್ಲು, ತಾಯಿ," ಎಂದರು.